ಮಗನ ಓರಿಯೆಂಟೇಶನ್ ಮುಗೀತು, ಕೆಮಿಸ್ಟ್ರಿ ಕ್ಲಾಸ್ ಸಿಗಲಿಲ್ಲ

ಹಾಸನದ ಅಮ್ಮ, ಒಹಾಯೊ
ಎಲ್ಲರಿಗೂ ನಮಸ್ಕಾರ. ದೊಡ್ಡ ಮಗ ಈ ವರ್ಷ ಎಂಜಿನಿಯರಿಂಗ್ ಸೇರ್ತಿದ್ದಾನೆ. ಮೊನ್ನೆ ಎರಡು ದಿನ ಓರಿಯೆಂಟೇಶನ್ ಇತ್ತು, ಅಂದ್ರೆ ಹೊಸ ಮಕ್ಕಳಿಗೆ ಕಾಲೇಜು ಪರಿಚಯಿಸಿ ಕ್ಲಾಸಿಗೆ ಹೆಸರು ಹಾಕಿಸೋದು. ಹೋದ ತಕ್ಷಣ ಮಕ್ಕಳನ್ನ ಒಂದು ಕಡೆ, ನಮ್ಮನ್ನ ಇನ್ನೊಂದು ಕಡೆ ಕಳಿಸಿದರು. ಎರಡನೇ ದಿನ ನಾವು ಫೀಸು, ಹಾಸ್ಟೆಲ್ ಅಂತ ಕೇಳ್ತಾ ಕೂತಿದ್ದಾಗ ಮಗನ ಮೆಸೇಜು ಬಂತು: "ಅಮ್ಮ, ಹೋಲ್ಡ್ ಅಂತ ಬರ್ತಿದೆ, ರಿಜಿಸ್ಟರ್ ಆಗ್ತಿಲ್ಲ." ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆ) ದಾಖಲೆ ಸಾಲದು ಅಂತ ಕ್ಲಾಸಿಗೆ ಹೆಸರು ಹಾಕೋದನ್ನ ತಡೆದಿದ್ದರಂತೆ. ಹಾಸನದಲ್ಲಿ ಹಾಕಿಸಿದ ಲಸಿಕೆಯ ಕಾರ್ಡನ್ನ ಮೇ ತಿಂಗಳಲ್ಲೇ ಫೋಟೊ ತೆಗೆದು ಕಳಿಸಿದ್ದೆವು. ಕ್ಲಾಸ್ ಆರಿಸೋಕೆ ಸಹಾಯ ಮಾಡೋ ಅಡ್ವೈಸರ್ ಯಾರನ್ನೋ ಕೇಳಿ ಹೋಲ್ಡನ್ನ ಒಂದು ದಿನಕ್ಕೆ ತೆಗೆಸೋ ಹೊತ್ತಿಗೆ ಕೆಮಿಸ್ಟ್ರಿ ಲ್ಯಾಬ್ ಎಲ್ಲಾ ಭರ್ತಿ. ವೇಯ್ಟ್‌ಲಿಸ್ಟಲ್ಲಿ ಏಳನೆಯವನು. ಕೈಯಲ್ಲಿರೋದು 11 ಕ್ರೆಡಿಟ್‌ನಷ್ಟು ಕ್ಲಾಸ್. ಕ್ಯಾಲ್ಕುಲಸ್ 1 ತಗೊಂಡಿದ್ದಾನೆ, ಹೈಸ್ಕೂಲಲ್ಲೇ ಬರೆದ ಕಾಲೇಜು ಮಟ್ಟದ ಕ್ಯಾಲ್ಕುಲಸ್ ಪರೀಕ್ಷೆ, ಎಪಿ ಬಿಸಿ, ಅದರ ಫಲಿತಾಂಶ ಇನ್ನೂ ಬಂದಿಲ್ಲ. ವಾಪಸ್ ಬರುವಾಗ ಎರಡೂವರೆ ಗಂಟೆ ದಾರಿಯಲ್ಲಿ ಒಂದು ಮಾತಾಡಲಿಲ್ಲ. ಮಾಡಿಕೊಂಡು ಹೋಗಿದ್ದ ಚಪಾತಿ ರೋಲು ಹಾಗೇ ವಾಪಸ್ ಬಂತು. ಏನು ಮಾಡಬೇಕು, ಗೊತ್ತಿದ್ದವರು ಹೇಳಿ.

ಕುಂದಾಪುರದವಳು, ವರ್ಜೀನಿಯಾ
ಅಕ್ಕಾ, ಮೊದಲು ಲಸಿಕೆ ವಿಷಯ ಮುಗಿಸಿ. ಊರಲ್ಲಿ 9 ತಿಂಗಳಿಗೆ ಹಾಕ್ತಾರಲ್ಲ ದಡಾರದ ಲಸಿಕೆ, ಅದು ಇಲ್ಲಿ ಲೆಕ್ಕಕ್ಕಿಲ್ಲ. ಒಂದು ವರ್ಷ ತುಂಬಿದ ಮೇಲೆ ಹಾಕಿಸಿದ ಎರಡು ಡೋಸ್ ಬೇಕು. ಆದರೆ ನಿಮ್ಮ ಮಗ ಇಲ್ಲೇ ಶಾಲೆಗೆ ಹೋದವನಲ್ಲವಾ? ಆಗಲೇ ಎರಡನೆಯದು ಹಾಕಿಸಿರ್ತೀರಿ. ಮಕ್ಕಳ ಡಾಕ್ಟರ ಹತ್ತಿರವೋ ಹೈಸ್ಕೂಲಿನ ನರ್ಸ್ ಹತ್ತಿರವೋ ದಾಖಲೆ ಇರ್ತದೆ, ಅದನ್ನ ತರಿಸಿ ಕಳಿಸಿ. ಎಲ್ಲೂ ಸಿಗದಿದ್ದರೆ ರಕ್ತ ಪರೀಕ್ಷೆ ಮಾಡಿಸಿದರೂ ಸಾಮಾನ್ಯವಾಗಿ ಒಪ್ತಾರೆ, ಕಾಲೇಜಿನ ಹೆಲ್ತ್ ಸೆಂಟರ್ ಕೇಳಿ. ಇದು ಹಾಗೇ ಉಳಿದರೆ ವೇಯ್ಟ್‌ಲಿಸ್ಟಲ್ಲಿ ಸರದಿ ಬಂದಾಗಲೂ ಹೋಲ್ಡ್ ಅಡ್ಡ ಬರಬಹುದು.

ಮಂಡ್ಯದ ಅಪ್ಪ, ಬೇ ಏರಿಯಾ
ಮೇಡಂ, ನೀವು ಲ್ಯಾಬ್ ಬಗ್ಗೆ ಚಿಂತೆ ಮಾಡ್ತಿದ್ದೀರಿ, ಅಸಲು ವಿಷಯ ಅದಲ್ಲ. ಎಪಿ ಬಿಸಿ ಬರೆದ ಹುಡುಗ ಯಾಕೆ ಮತ್ತೆ ಕ್ಯಾಲ್ಕುಲಸ್ 1 ಓದಬೇಕು? ಡಿಗ್ರಿಗೆ ಬೇಕಾಗಿರೋದು ಸುಮಾರು 120 ಕ್ರೆಡಿಟ್. ಎಪಿ ಪರೀಕ್ಷೆಗಳಿಂದ 30 ಬಂದರೆ ಒಂದು ವರ್ಷ ಉಳೀತು. ನನ್ನ ಇಬ್ಬರೂ ಮಕ್ಕಳು ಮೂರೇ ವರ್ಷಕ್ಕೆ ಮುಗಿಸಿದರು. ಒಂದು ವರ್ಷದ ಫೀಸು, ಊಟ, ರೂಮು ಎಲ್ಲಾ ಉಳಿಯಿತು. ಕಷ್ಟಪಟ್ಟು ಗಳಿಸಿದ ಕ್ರೆಡಿಟ್ಟನ್ನ ಬಿಡೋದು ತಪ್ಪು. ಇದನ್ನ ಈ ಗುಂಪಿನಲ್ಲಿ ಪ್ರತಿ ವರ್ಷ ಹೇಳ್ತೀನಿ.

ತುಮಕೂರಿನವಳು, ನ್ಯೂಜೆರ್ಸಿ
ಸರ್, ಪ್ರತಿ ವರ್ಷ ನೀವು ಇದನ್ನೇ ಹೇಳ್ತೀರಿ, ನಾನೂ ಪ್ರತಿ ವರ್ಷ ಬೇಡ ಅಂತೀನಿ. ನನ್ನ ಮಗಳು ಎಪಿ ಬಿಸಿಯಲ್ಲಿ 5ಕ್ಕೆ 5 ತಗೊಂಡು ನೇರ ಕ್ಯಾಲ್ಕುಲಸ್ 3ಕ್ಕೆ ಹೋದಳು, ನಾವೇ ತಳ್ಳಿದ್ವಿ. ಅಕ್ಟೋಬರಲ್ಲಿ ರಾತ್ರಿ 2 ಗಂಟೆಗೆ ಫೋನ್ ಮಾಡಿ ಅತ್ತಳು. ಕೊನೆಗೆ ಆ ಕ್ಲಾಸ್ ಬಿಟ್ಟಳು, ಟ್ರಾನ್ಸ್‌ಕ್ರಿಪ್ಟಲ್ಲಿ ಡಬ್ಲ್ಯು, ಅಂದ್ರೆ ನಡುವೆ ಬಿಟ್ಟಳು ಅಂತ, ಬಿತ್ತು. ಮೊದಲ ಸೆಮಿಸ್ಟರಲ್ಲಿ ಮಗು ಹೊಸ ಊರು, ಹೊಸ ರೂಮ್‌ಮೇಟ್, ಊಟ, ನಿದ್ದೆ ಎಲ್ಲಾ ಒಟ್ಟಿಗೆ ಕಲೀಬೇಕು. ಒಂದು ಕ್ಲಾಸಾದರೂ ಸಲೀಸಾಗಿರಲಿ.

ಮಂಡ್ಯದ ಅಪ್ಪ, ಬೇ ಏರಿಯಾ
ಒಂದು ಮಗುವಿಗೆ ಆಗಲಿಲ್ಲ ಅಂತ ಎಲ್ಲರಿಗೂ ಬೇಡ ಅನ್ನಬಾರದು. ಅಪ್ಪ ಅಮ್ಮನ ಎಚ್-1ಬಿ ಕೆಲಸದ ವೀಸಾ ಮೇಲೆ ಇಲ್ಲಿರೋ ಎಚ್-4 ಮಕ್ಕಳಿಗೆ 21 ತುಂಬಿದರೆ ವೀಸಾ ಮುಗೀತು. ಗ್ರೀನ್ ಕಾರ್ಡಿಗೆ ಕಾಯ್ತಿರೋ ಮನೆಗಳಿಗೆ ಒಂದು ವರ್ಷ ಅಂದ್ರೆ ಸಣ್ಣದಲ್ಲ.

ತುಮಕೂರಿನವಳು, ನ್ಯೂಜೆರ್ಸಿ
ಅವರು ವೀಸಾ ವಿಷಯ ಕೇಳಲೇ ಇಲ್ಲವಲ್ಲ.

ಮಲ್ಲೇಶ್ವರದ ಹಳಬ, ಇಲಿನಾಯ್ಸ್
ಇದನ್ನ ಓದಿ 1998 ನೆನಪಾಯ್ತು. 18ನೇ ಕ್ರಾಸಿನಲ್ಲಿ ಸಿಇಟಿ ಕೌನ್ಸೆಲಿಂಗು. ಅಪ್ಪ ರೇಷನ್ ಅಂಗಡಿಯ ಚೀಲದಲ್ಲಿ ಅಂಕಪಟ್ಟಿ, ಡಿಡಿ ಎಲ್ಲಾ ಇಟ್ಟುಕೊಂಡು ಬೆಳಿಗ್ಗೆ 6ಕ್ಕೇ ಬಂದು ನಿಂತಿದ್ದರು. ಒಳಗೆ ಪರದೆ ಮೇಲೆ ಸೀಟಿನ ಸಂಖ್ಯೆ ಇಳೀತಾ ಹೋಗೋದು. ಎಲೆಕ್ಟ್ರಾನಿಕ್ಸ್ 3, 2, 1. ನನ್ನ ಸರದಿ ಬಂದಾಗ ಸೊನ್ನೆ. ಅಪ್ಪ ನನ್ನ ಮುಖ ನೋಡಿ "ಸಿವಿಲ್ ತಗೋ, ಸೇತುವೆ ಕಟ್ಟುವಿಯಂತೆ" ಅಂದರು. ಹೊರಗೆ ಬಂದು ಕಾಫಿ ಕುಡಿಸಿದರು, ತಾವು ಕುಡೀಲಿಲ್ಲ. ಈಗ ಅವರಿಲ್ಲ. ತಂಗೀ, ಮಗನ ಜೊತೆ ಕೂತು ಊಟ ಮಾಡಮ್ಮ ಮೊದಲು.

ಧಾರವಾಡದಾವ, ಟೆಕ್ಸಾಸ್
ಅಕ್ಕಾರ, ಚಿಂತಿ ಮಾಡಬ್ಯಾಡ್ರಿ. ಇದs ಯೂನಿವರ್ಸಿಟಿಯಲ್ಲ, ಇನ್ನೊಂದರಾಗ ಕೆಲಸ ಮಾಡ್ತೀನಿ ನಾನು. ವೇಯ್ಟ್‌ಲಿಸ್ಟಿನ್ಯಾಗ ಏಳನೇದು ಅಂದ್ರ ದೂರ ಏನಲ್ಲ. ಆಗಸ್ಟಿನ್ಯಾಗ ಫೀಸ್ ಕಟ್ಟಲಾರದವರ ಹೆಸರು ಕೆಲವು ಕಡೆ ತಗೀತಾರ, ಕ್ಲಾಸ್ ಸುರು ಆದ ಮೊದಲ ವಾರ ಆ್ಯಡ್ ಡ್ರಾಪ್, ಅಂದ್ರ ಕ್ಲಾಸ್ ಸೇರೂದು ಬಿಡೂದು, ಇರ್ತದ, ಆವಾಗ ಭಾಳ ಮಂದಿ ಬಿಡ್ತಾರ. ಆದ್ರ 11 ಕ್ರೆಡಿಟ್ಟಿಗೆ ಬಿಡಬ್ಯಾಡ್ರಿ. 12ಕ್ಕ ಕಮ್ಮಿ ಆದ್ರ ಫುಲ್ ಟೈಮ್ ಅನ್ನೂದಿಲ್ಲ, ಸ್ಕಾಲರ್‌ಶಿಪ್ಪಿಗೆ ತ್ರಾಸ ಆಗಬಹುದು. ಇವತ್ತs ಬರವಣಿಗೆ ಅಥವಾ ಇತಿಹಾಸದ್ದು ಒಂದು ಜನರಲ್ ಕ್ಲಾಸ್ ಹಾಕಿಸ್ರಿ, ಅದು ಹೆಂಗಿದ್ರೂ ಬೇಕಾಗ್ತದ. ಎಪಿ ಫಲಿತಾಂಶ ಜುಲೈ ಮೊದಲಿಗೆ ಬರ್ತದ. ಕಾಲೇಜಿಗೆ ಕಳಿಸಾಕ ಹೇಳ್ರಿ, ಆಮ್ಯಾಲ ಗಣಿತ ಬದಲಿ ಮಾಡೂದೋ ಬಿಡೂದೋ ಹುಡುಗ ಅಡ್ವೈಸರ್ ಜೋಡಿ ಮಾತಾಡ್ಲಿ.

ಹಾಸನದ ಅಮ್ಮ, ಒಹಾಯೊ
ತುಂಬಾ ಥ್ಯಾಂಕ್ಸ್. ಅಡ್ವೈಸರಿಗೆ ನಾನೇ ಫೋನ್ ಮಾಡಲಾ?

ಧಾರವಾಡದಾವ, ಟೆಕ್ಸಾಸ್
ನೀವು ಮಾಡಿದ್ರ ಅವರು ಹೇಳೂದಿಲ್ರಿ. ವಿದ್ಯಾರ್ಥಿ ದಾಖಲೆ ಗುಟ್ಟಾಗಿ ಇಡಾಕ 1974ರ ಫರ್ಪಾ ಕಾಯ್ದೆ ಐತಿ, ಕಾಲೇಜಿಗೆ ಸೇರಿದ ಮ್ಯಾಲ ದಾಖಲೆ ಹುಡುಗಂದು. ಸಾಮಾನ್ಯವಾಗಿ ಅಂವ ಒಪ್ಪಿಗೆ ಕೊಟ್ರ ಮಾತ್ರ ನಿಮ್ಮ ಜೋಡಿ ಮಾತಾಡ್ತಾರ. ಅಂವs ಮೇಲ್ ಬರೀಲಿ, ವಿದ್ಯಾರ್ಥಿ ನಂಬರ್ ಹಾಕಿ.

ಮಂಡ್ಯದ ಅಪ್ಪ, ಬೇ ಏರಿಯಾ
ಹಿಸ್ಟರಿ ಹಾಕಿಸೋ ಮುಂಚೆ ಎಪಿ ಹಿಸ್ಟರಿ ಬರೆದಿದ್ದಾನಾ ನೋಡಿ. ಬರೆದಿದ್ದರೆ ಮತ್ತೆ ಓದೋದು ದುಡ್ಡು ದಂಡ.

ಹಾಸನದ ಅಮ್ಮ, ಒಹಾಯೊ
ಬರೆದಿದ್ದಾನೆ ಸರ್. ಅದಕ್ಕೆ ಬರವಣಿಗೆ ಕ್ಲಾಸ್ ಹಾಕಿದ, 14 ಆಯ್ತು. ಮಕ್ಕಳ ಡಾಕ್ಟರ ಆಫೀಸಲ್ಲಿ ಎರಡನೇ ಎಂಎಂಆರ್ ದಾಖಲೆ ಸಿಕ್ಕಿದೆ, ನಾಳೆ ಕಳಿಸ್ತಾರಂತೆ. ಕುಂದಾಪುರದ ತಂಗೀ, ಒಂದು ಕೇಳಬೇಕಿತ್ತು: ಕಾರ್ಡಲ್ಲಿ ಹೆಸರಿಗೆ ಇನಿಷಿಯಲ್ ಇದೆ, ಪಾಸ್‌ಪೋರ್ಟಲ್ಲಿ ಅಪ್ಪನ ಪೂರ್ತಿ ಹೆಸರಿದೆ. ತೊಂದರೆ ಆಗುತ್ತಾ?

ಕುಂದಾಪುರದವಳು, ವರ್ಜೀನಿಯಾ
ನಮಗೂ ಹಾಗೇ ಆಗಿತ್ತು ಅಕ್ಕಾ. ಡಾಕ್ಟರ ಕಾಗದದಲ್ಲಿ ಪಾಸ್‌ಪೋರ್ಟಿನ ಹೆಸರೇ ಹಾಕಿಸಿ, ಹುಟ್ಟಿದ ದಿನ ಸರಿ ಉಂಟಾ ನೋಡಿ.