ಭಾವನ ಕಾರು, ನನ್ನ ಕಾಲು: ಗೇರ್ ಹಾಕಿದಾಗೆಲ್ಲ ಎಗರುತ್ತದೆ, ಏನು ಮಾಡಲಿ?

ಹಿನಕಲ್ ಹುಡುಗ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೈಯಬೇಡಿ.

ನಮ್ಮ ಭಾವ ಎರಡು ವರ್ಷದ ಕೆಲಸಕ್ಕೆ ಅಂತ ಜರ್ಮನಿಗೆ ಹೋಗಿದ್ದಾರೆ. ಹೋಗುವಾಗ ಅವರ ನಿಸ್ಸಾನ್ 370ಝಡ್ ಕಾರನ್ನು ನಮ್ಮ ಮನೆ ಶೆಡ್ಡಿನಲ್ಲಿ ನಿಲ್ಲಿಸಿ, ವಾರಕ್ಕೊಂದು ಸಲ ಓಡಿಸುತ್ತಿರು, ಸುಮ್ನೆ ನಿಂತರೆ ಬ್ಯಾಟರಿ ಹೋಗುತ್ತದೆ ಅಂತ ಹೇಳಿ ಕೀ ಕೊಟ್ಟರು. ಎರಡೇ ಸೀಟು, 3.7 ಲೀಟರ್ ವಿ6, ಹಿಂದಿನ ಚಕ್ರಕ್ಕೆ ಪವರ್, 6 ಗೇರಿನ ಮ್ಯಾನುಯಲ್. ನಾನೋ ಏಳು ವರ್ಷದಿಂದ ಆಟೋಮ್ಯಾಟಿಕ್ ಓಡಿಸುವವನು. ಅದಕ್ಕೂ ಮುಂಚೆ ಕ್ಲಚ್ ತುಳಿದಿದ್ದು ಅಂದರೆ ಲೈಸೆನ್ಸಿಗೆ ಅಂತ ಕಲಿತ ಮಾರುತಿ 800 ಅಷ್ಟೇ.

ಈಗ ಸಮಸ್ಯೆ. ಮೊದಲನೇ ಗೇರಿನಲ್ಲಿ ಹೊರಟರೆ ಕುದುರೆ ತರ ಎಗರುತ್ತದೆ. ಒಂದರಿಂದ ಎರಡಕ್ಕೆ ಹಾಕಿದರೆ ಮುಂದಕ್ಕೆ ತಳ್ಳಿದ ಹಾಗೆ ಆಗುತ್ತದೆ. ಮೂರರಿಂದ ಎರಡಕ್ಕೆ ಇಳಿಸಿದರೆ ಯಾರೋ ಹಿಂದಿನಿಂದ ಹಗ್ಗ ಹಾಕಿ ಎಳೆದ ಹಾಗೆ. ಹೋದ ಭಾನುವಾರ ಅಕ್ಕನನ್ನು ಕೂರಿಸಿಕೊಂಡು ಹೋಗಿದ್ದೆ. ಅವಳ ತಲೆ ಚನ್ನಪಟ್ಟಣದ ಗೊಂಬೆ ತರ ಆಡುತ್ತಿತ್ತು. ಮೈಸೂರಿನ ಕೆ.ಆರ್. ಸರ್ಕಲ್‌ನಲ್ಲಿ ಎರಡು ಸಲ ಆಫ್ ಆಯಿತು, ಹಿಂದೆ ಸಿಟಿ ಬಸ್ಸಿನವನು ಹಾರ್ನ್ ಒತ್ತಿದ ಕೈ ತೆಗೆಯಲೇ ಇಲ್ಲ, ಸುತ್ತ ಇದ್ದ ಹುಡುಗರು ಮೊಬೈಲ್ ತೆಗೆದು ವಿಡಿಯೋ ಮಾಡಿದರು. ಇಂಥ ಕಾರು ಆಫ್ ಆದರೆ ಜನಕ್ಕೆ ಹಬ್ಬ. ಅಕ್ಕ ಅಲ್ಲೇ ಇಳಿದು ಆಟೋದಲ್ಲಿ ಮನೆಗೆ ಹೋದಳು. ಅಮ್ಮ ಎತ್ತಿನ ಗಾಡಿನೇ ವಾಸಿ ಅಂದರು.

ನನಗೆ ಸ್ಪೀಡ್ ಬೇಡ. ಪಕ್ಕದಲ್ಲಿ ಕೂತವರಿಗೆ ಗೇರ್ ಬದಲಾಗಿದ್ದೇ ಗೊತ್ತಾಗಬಾರದು, ಅಷ್ಟು ಸಾಕು. ಕ್ಲಚ್ಚೇ ಹಾಳಾಗಿರಬಹುದಾ, ಅಥವಾ ನನ್ನ ಕಾಲೇ ಸರಿ ಇಲ್ವಾ?

ಗ್ಯಾರೇಜ್ ಮೂಲೆ:

ಕ್ಲಚ್ ಹಾಳಾಗಿದ್ದರೆ ಲಕ್ಷಣವೇ ಬೇರೆ ಇರುತ್ತದೆ ಸರ್. ನಾಲ್ಕನೇ ಗೇರಿನಲ್ಲಿ ಜೋರಾಗಿ ಆಕ್ಸಿಲರೇಟರ್ ಕೊಟ್ಟಾಗ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದು) ಮೀಟರ್ ಮುಳ್ಳು ಮೇಲೆ ಹೋಗಿ ಕಾರಿನ ಸ್ಪೀಡ್ ಮಾತ್ರ ಅಲ್ಲೇ ಇದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ ಅಂತ ಅರ್ಥ. ಪೆಡಲ್ ಒತ್ತಿದ ಮೇಲೆ ವಾಪಸ್ ಬರದಿದ್ದರೆ, ಮೆತ್ತಗೆ ಸ್ಪಾಂಜ್ ತರ ಇದ್ದರೆ ಆಯಿಲ್ ಕಡೆ ನೋಡಬೇಕು. ಕಾರು ತುಂಬಾ ದಿನ ನಿಂತಿತ್ತು ಅಂದರೆ ಕ್ಲಚ್ ಆಯಿಲ್ ಒಂದು ಸಲ ಬದಲಾಯಿಸಿ, ಗಾಳಿ ತೆಗೆಸಿ, ಖರ್ಚು ಜಾಸ್ತಿ ಇಲ್ಲ. ಈ ತರದ ಕಾರುಗಳಲ್ಲಿ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸಿನ ಬಾಯಿ ಒಳಗೇ ಕೂತಿರುತ್ತದೆ. ಅದು ಸೋರಿದರೆ ಗೇರ್‌ಬಾಕ್ಸೇ ಇಳಿಸಬೇಕು.

ಆದರೆ ನೀವು ಹೇಳಿದ್ದು ಓದಿದರೆ ಯಂತ್ರದ ತಪ್ಪು ಅನ್ನಿಸುತ್ತಿಲ್ಲ. ಇನ್ನೊಂದು, ಸಿಗ್ನಲ್ಲಿನಲ್ಲಿ ಗೇರ್ ಹಾಕಿಕೊಂಡು ಕ್ಲಚ್ ತುಳಿದು ಕಾಯಬೇಡಿ. ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ. ಇಲ್ಲದಿದ್ದರೆ ಪೆಡಲ್ ತುಳಿದಾಗ ಕ್ಲಚ್ಚನ್ನು ಒತ್ತುವ ರಿಲೀಸ್ ಬೇರಿಂಗ್ ಸವೆಯುತ್ತದೆ, ಬಿಲ್ ಭಾವನಿಗೆ ಹೋಗುತ್ತದೆ.

ಸುಮ್ನೆ ನೋಡೋನು:

370ಝಡ್‌ಗೆ ಗೇರ್ ಲಿವರ್ ಹತ್ತಿರ ಎಸ್-ಮೋಡ್ ಬಟನ್ ಇದೆಯಾ ನೋಡು ಗುರು. ಒತ್ತು, ಮುಗೀತು. ಕಾರೇ ಆರ್‌ಪಿಎಂ ಹೊಂದಿಸಿಕೊಳ್ಳುತ್ತದೆ. ಇಷ್ಟಕ್ಕೆ ಇಷ್ಟುದ್ದ ಬರೆಯಬೇಕಿತ್ತಾ.

ಹಳೇ ಡ್ರೈವರ್, ಮಂಡ್ಯ:

ತಮ್ಮಾ, ನಾನು ಸರ್ಕಾರಿ ಬಸ್ಸು ಓಡಿಸಿ ರಿಟೈರ್ ಆದವನು. ಟೈಪ್ ಮಾಡಿಕೊಡುತ್ತಿರುವುದು ಮೊಮ್ಮಗಳು. ನಿನ್ನ ಕಾರನ್ನು ನಾನು ನೋಡಿಲ್ಲ, ಆದರೆ ಇಂಜಿನ್, ಕ್ಲಚ್, ಗೇರು ಮೂರಕ್ಕೂ ಇರುವ ಸಂಬಂಧ ಬಸ್ಸಿಗೂ ಒಂದೇ ನಿನ್ನ ಕಾರಿಗೂ ಒಂದೇ.

ನಾವು ಕೆಲಸಕ್ಕೆ ಸೇರಿದಾಗ ಇದ್ದ ಹಳೇ ಗಾಡಿಗಳಿಗೆ ಸಿಂಕ್ರೋ (ಗೇರ್ ಹಾಕುವಾಗ ಹಲ್ಲುಗಳ ಸ್ಪೀಡನ್ನು ತಾನೇ ಹೊಂದಿಸುವ ಭಾಗ) ಇರಲಿಲ್ಲ. ಗೇರ್ ಇಳಿಸಬೇಕು ಅಂದರೆ ಕ್ಲಚ್ ತುಳಿದು ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಒಂದು ಸಲ ಒತ್ತಿ ಇಂಜಿನ್ ಎಬ್ಬಿಸಿ, ಮತ್ತೆ ಕ್ಲಚ್ ತುಳಿದು ಗೇರ್ ಹಾಕಬೇಕಿತ್ತು. ಡಬಲ್ ಕ್ಲಚ್ ಅನ್ನುತ್ತಿದ್ದೆವು. ಲೆಕ್ಕ ತಪ್ಪಿದರೆ ಗರಗರ ಅಂತ ಹಲ್ಲು ಕಡಿಯುತ್ತಿತ್ತು, ಇಡೀ ಬಸ್ಸು ತಿರುಗಿ ನೋಡುತ್ತಿತ್ತು. ವೈರಮುಡಿ ಜಾತ್ರೆಗೆ ಮೇಲುಕೋಟೆಗೆ ಸ್ಪೆಷಲ್ ಬಿಡುತ್ತಿದ್ದರು, ಸೀಟು ತುಂಬಿ ಅಷ್ಟೇ ಜನ ನಿಂತಿರುತ್ತಿದ್ದರು, ಆ ಏರು ಹತ್ತಬೇಕು. ಅಲ್ಲಿ ಗೇರ್ ಬದಲಾಯಿಸುವಾಗ ಗಾಡಿ ಎಗರಿದರೆ ಮುದುಕಿಯರು ಒಬ್ಬರ ಮೇಲೆ ಒಬ್ಬರು ಬೀಳುತ್ತಾರೆ, ಆಮೇಲೆ ನಮ್ಮ ಅಪ್ಪ ಅಮ್ಮನನ್ನೆಲ್ಲ ಬಾಯಿಗೆ ಎಳೆದುಕೊಳ್ಳುತ್ತಾರೆ. ಅವರೇ ನಮಗೆ ಪಾಠ ಕಲಿಸಿದವರು.

ಈಗ ನಿನ್ನ ವಿಷಯ. ನೀನು ಎಡಗಾಲನ್ನು ಅನುಮಾನ ಪಡುತ್ತಿದ್ದೀಯ. ತಪ್ಪು ಬಲಗಾಲಿಂದು. ಕ್ಲಚ್ಚಿನ ಒಂದು ಕಡೆ ಇಂಜಿನ್ ತಿರುಗುತ್ತಿರುತ್ತದೆ, ಇನ್ನೊಂದು ಕಡೆ ಚಕ್ರದ ಕಡೆಯ ಶಾಫ್ಟ್ ತಿರುಗುತ್ತಿರುತ್ತದೆ. ಎರಡೂ ಒಂದೇ ಸ್ಪೀಡಿನಲ್ಲಿದ್ದರೆ ನೀನು ಕ್ಲಚ್ಚನ್ನು ಫಟ್ ಅಂತ ಬಿಟ್ಟರೂ ಏನೂ ಆಗುವುದಿಲ್ಲ. ಇಂಜಿನ್ ಜಾಸ್ತಿ ಇದ್ದರೆ ಗಾಡಿ ಮುಂದಕ್ಕೆ ನೂಕುತ್ತದೆ, ಕಡಿಮೆ ಇದ್ದರೆ ಹಿಂದಕ್ಕೆ ಎಳೆಯುತ್ತದೆ. ನಿನಗೆ ಎರಡೂ ಆಗುತ್ತಿದೆ ಅಂತ ನೀನೇ ಬರೆದಿದ್ದೀಯ, ನೋಡಿಕೋ.

ಹೊರಡುವುದು ಹೇಗೆ ಅಂದರೆ, ಭಾನುವಾರ ಬೆಳಗ್ಗೆ ಬೇಗ ಖಾಲಿ ಸಮತಟ್ಟು ಜಾಗಕ್ಕೆ ಹೋಗು. ಆಕ್ಸಿಲರೇಟರ್ ಮುಟ್ಟಲೇಬೇಡ. ಮೊದಲನೇ ಗೇರ್ ಹಾಕಿ ಕ್ಲಚ್ಚನ್ನು ಕೂದಲೆಳೆಯಷ್ಟು ಬಿಡುತ್ತಾ ಬಾ. ಒಂದು ಕಡೆ ಇಂಜಿನ್ ಸದ್ದು ಇಳಿಯುತ್ತದೆ, ಸೀಟು ಸಣ್ಣಗೆ ಅದುರುತ್ತದೆ. ಅಲ್ಲೇ ಕಾಲು ನಿಲ್ಲಿಸು. ಎರಡು ಸೆಕೆಂಡ್. ಗಾಡಿ ತಾನೇ ಹೊರಡುತ್ತದೆ, ಆಮೇಲೆ ಪೂರ್ತಿ ಬಿಡು. ಜನ ತಪ್ಪು ಮಾಡುವುದು ಅಲ್ಲೇ, ಗಾಡಿ ಅಲ್ಲಾಡಿದ ತಕ್ಷಣ ಗೆದ್ದೆ ಅಂತ ಕಾಲು ಎತ್ತಿಬಿಡುತ್ತಾರೆ. ಇದನ್ನೇ ಮೂವತ್ತು ಸಲ ಮಾಡು. ಆಮೇಲೆ ಆಕ್ಸಿಲರೇಟರ್ ಸೇರಿಸಿಕೋ.

ಹವಾಯಿ ಚಪ್ಪಲಿ ಹಾಕಿಕೊಂಡು ಓಡಿಸಬೇಡ. ಅಡಿ ತೆಳ್ಳಗಿರುವ ಶೂ ಹಾಕು. ಕ್ಲಚ್ ಪೂರ್ತಿ ತುಳಿದಾಗಲೂ ಮಂಡಿ ಸ್ವಲ್ಪ ಮಡಿಚಿರಬೇಕು, ಸೀಟು ಆ ಲೆಕ್ಕಕ್ಕೆ ಎಳೆದುಕೋ.

ಒಂಟಿಕೊಪ್ಪಲ್ ಅಕ್ಕ:

ಹಳೇ ಡ್ರೈವರ್ ಅಂಕಲ್, ನೀವು ಹೇಳಿದ್ದನ್ನು ಡ್ರೈವಿಂಗ್ ಸ್ಕೂಲಿನಲ್ಲಿ ಯಾರೂ ಹೇಳಿಕೊಡುವುದಿಲ್ಲ. ಅಲ್ಲಿ ಕಲಿಸುವುದು ಅರ್ಧ ಕ್ಲಚ್ಚಿನಲ್ಲಿ ಎಂಟು ಹಾಕುವುದನ್ನ ಮಾತ್ರ.

ನಾನು 6 ಗೇರಿನ ಟರ್ಬೊ ಪೆಟ್ರೋಲ್ ಸೆಡಾನ್ ಓಡಿಸುತ್ತೇನೆ, ಸ್ಪೋರ್ಟ್ಸ್ ಕಾರಲ್ಲ, ಆದರೂ ಈ ರೋಗ ನನಗೂ ಇತ್ತು. ಅಂಕಲ್ ಮಾತಿಗೆ ಸ್ವಲ್ಪ ಲೆಕ್ಕ ಸೇರಿಸುತ್ತೇನೆ, ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಬೇಡವಾ. ನಿಮ್ಮ ಕಾರಿನ ಗೇರ್ ಅನುಪಾತ, ಅಂದರೆ ಗೇರ್‌ಬಾಕ್ಸಿನಿಂದ ಹೊರಡುವ ಶಾಫ್ಟ್ ಒಂದು ಸುತ್ತು ತಿರುಗಲು ಇಂಜಿನ್ ಎಷ್ಟು ಸುತ್ತಬೇಕು ಅನ್ನುವುದು, ಹೀಗಿದೆ: ಒಂದನೇದು 3.794, ಎರಡನೇದು 2.324, ಮೂರನೇದು 1.624, ನಾಲ್ಕನೇದು 1.271. ಒಂದನೇ ಗೇರಿನಲ್ಲಿ 3000 ಆರ್‌ಪಿಎಂ ಇದ್ದಾಗ ಎರಡಕ್ಕೆ ಹಾಕಿದರೆ ಇಂಜಿನ್ ಸುಮಾರು 1840ಕ್ಕೆ ಇಳಿದಿರಬೇಕು. ಎರಡರಿಂದ ಮೂರಕ್ಕೆ ಆದರೆ 2100. ಅಂದರೆ ಒಂದರಿಂದ ಎರಡಕ್ಕೆ ಇರುವ ಮೆಟ್ಟಿಲೇ ಎಲ್ಲಕ್ಕಿಂತ ಎತ್ತರ, ನಿಮಗೆ ಅಲ್ಲೇ ಜಾಸ್ತಿ ಎಗರುವುದು ಅದಕ್ಕೇ.

ಅದರ ಮೇಲೆ ಇನ್ನೊಂದು ಕಾಟ. ಈಗಿನ ಇಂಜಿನ್‌ಗಳಲ್ಲಿ ಹೊಗೆ ನಿಯಮಕ್ಕೋಸ್ಕರ ಕಂಪ್ಯೂಟರ್ ಥ್ರಾಟಲನ್ನು (ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ತಕ್ಷಣ ಮುಚ್ಚುವುದಿಲ್ಲ, ನಾವು ಕಾಲು ತೆಗೆದರೂ ಆರ್‌ಪಿಎಂ ನಿಧಾನವಾಗಿ ಇಳಿಯುತ್ತದೆ. ನಾವು ಫಟಾಫಟ್ ಅಂತ ಎರಡಕ್ಕೆ ಹಾಕಿ ಕ್ಲಚ್ ಬಿಟ್ಟರೆ ಇಂಜಿನ್ ಇನ್ನೂ 2600ರಲ್ಲಿ ಇರುತ್ತದೆ, ಕಾರು ಮುಂದಕ್ಕೆ ನೂಕುತ್ತದೆ. ಔಷಧಿ ಅಂದರೆ ಅವಸರ ಮಾಡಬೇಡಿ. ಲಿವರ್ ನ್ಯೂಟ್ರಲ್ ದಾಟುವಾಗ ಒಂದು ಕ್ಷಣ ತಡೆಯಿರಿ. ಮುಳ್ಳು ಇಳಿಯಲಿ. ಇಷ್ಟು ನಿಧಾನವಾ ಅನ್ನಿಸುತ್ತದೆ, ಪಕ್ಕದವರಿಗೆ ಏನೂ ಅನ್ನಿಸುವುದಿಲ್ಲ.

ಇಳಿಸುವಾಗ ಉಲ್ಟಾ. ಮೂರರಲ್ಲಿ 3000 ಇದ್ದರೆ ಎರಡಕ್ಕೆ ಸುಮಾರು 4300 ಬೇಕು. ನೀವು ಕ್ಲಚ್ ತುಳಿದು ಬಲಗಾಲು ತೆಗೆದು ಸುಮ್ನೆ ಬಿಟ್ಟರೆ ಇಂಜಿನ್ 1500ಕ್ಕೆ ಬಂದಿರುತ್ತದೆ. ಅದನ್ನು 4300ಕ್ಕೆ ಎಳೆಯುವ ಕೆಲಸ ಹಿಂದಿನ ಟಯರುಗಳ ತಲೆಗೆ ಬರುತ್ತದೆ. ಮಳೆಯಲ್ಲಿ ಚಾಮುಂಡಿ ಬೆಟ್ಟದ ತಿರುವಿನಲ್ಲಿ ಹೀಗೆ ಮಾಡಿದರೆ ಹಿಂಭಾಗ ಜಾರಬಹುದು, ತಮಾಷೆ ಅಲ್ಲ. ಕ್ಲಚ್ ತುಳಿದಿರುವಾಗಲೇ ಆಕ್ಸಿಲರೇಟರಿಗೆ ಒಂದು ಚಿಕ್ಕ ಒದೆ ಕೊಟ್ಟು ಆಮೇಲೆ ಬಿಡಬೇಕು.

ಎಸ್-ಮೋಡ್ ಬಗ್ಗೆ: 2009ರಲ್ಲಿ ಈ ಕಾರು ಬಂದಾಗ ಅದೇ ದೊಡ್ಡ ಸುದ್ದಿ ಆಗಿತ್ತು. ಲಿವರ್ ಯಾವ ಗೇರ್ ಕಡೆ ಹೋಗುತ್ತಿದೆ ಅಂತ ಸೆನ್ಸರ್ ನೋಡಿ ಇಂಜಿನ್ನನ್ನು ತಾನೇ ಆ ಸ್ಪೀಡಿಗೆ ತರುತ್ತದೆ. ಒಳ್ಳೇದೇ. ಆದರೆ ನಿಂತಲ್ಲಿಂದ ಹೊರಡುವುದಕ್ಕೆ ಅದು ಏನೂ ಸಹಾಯ ಮಾಡುವುದಿಲ್ಲ, ಆ ಎಗರಾಟ ಹಾಗೇ ಇರುತ್ತದೆ ಸುಮ್ನೆ ನೋಡೋನೇ. ನಾನಾಗಿದ್ದರೆ ಅದನ್ನು ಮೇಷ್ಟ್ರ ತರ ಬಳಸುತ್ತಿದ್ದೆ. ಐದು ಸಲ ಆನ್ ಮಾಡಿ ಮೂರರಿಂದ ಎರಡಕ್ಕೆ ಇಳಿಸಿ, ಇಂಜಿನ್ ಎಷ್ಟು ಕೂಗಿತು ಅಂತ ಕಿವಿಯಲ್ಲಿ ಇಟ್ಟುಕೊಳ್ಳಿ. ಆಮೇಲೆ ಆಫ್ ಮಾಡಿ ಅದೇ ಸದ್ದು ನಿಮ್ಮ ಕಾಲಿನಿಂದ ಬರಿಸಿ. ಮೀಟರ್ ನೋಡುತ್ತಾ ಕೂತರೆ ಮುಂದೆ ಇರುವ ಹಸು ಕಾಣುವುದಿಲ್ಲ.

ಹಿನಕಲ್ ಹುಡುಗ:

ಅಬ್ಬಾ, ಇಷ್ಟು ನಿರೀಕ್ಷೆ ಮಾಡಿರಲಿಲ್ಲ. ಅಂಕಲ್ ಹೇಳಿದ ಹಾಗೆ ಇವತ್ತು ಬೆಳಗ್ಗೆ ಆರಕ್ಕೆ ಲಲಿತ ಮಹಲ್ ಕಡೆ ಹೋಗಿದ್ದೆ. ಆಕ್ಸಿಲರೇಟರ್ ಇಲ್ಲದೆ ಹೊರಡುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ! ಮೊದಲ ಹತ್ತರಲ್ಲಿ ಆರು ಸಲ ಆಫ್ ಆಯಿತು. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ತಳ್ಳಬೇಕಾ ಅಂತ ಕೇಳಿದರು. ಇಪ್ಪತ್ತು ದಾಟಿದ ಮೇಲೆ ಕಾಲಿಗೇ ಗೊತ್ತಾಗತೊಡಗಿತು, ಇಲ್ಲಿ ನಿಲ್ಲಬೇಕು ಅಂತ.

ಆದರೆ ಇನ್ನೊಂದು ಇದೆ. ಟ್ರಾಫಿಕ್ಕಿನಲ್ಲಿ ಮೊದಲನೇ ಗೇರಿನಲ್ಲಿ ನಿಧಾನವಾಗಿ ಹೋಗುವಾಗ ಆಕ್ಸಿಲರೇಟರ್ ಒತ್ತಿದರೂ ಎಗರುತ್ತದೆ, ಬಿಟ್ಟರೂ ಎಗರುತ್ತದೆ. ಕ್ಲಚ್ ಮುಟ್ಟದೇ ಇದ್ದರೂ. ಇದು ಯಾಕೆ?

ಗ್ಯಾರೇಜ್ ಮೂಲೆ:

ಗೇರಿನ ಹಲ್ಲು, ಹಿಂದಕ್ಕೆ ಪವರ್ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಅದನ್ನು ಎರಡೂ ಹಿಂದಿನ ಚಕ್ರಕ್ಕೆ ಹಂಚುವ ಡಿಫರೆನ್ಷಿಯಲ್, ಇಂಜಿನ್ ಮೌಂಟಿನ ರಬ್ಬರ್, ಇವುಗಳಲ್ಲೆಲ್ಲ ಸ್ವಲ್ಪ ಸ್ವಲ್ಪ ಸಡಿಲ ಇರುತ್ತದೆ ಸರ್, ಇರಲೇಬೇಕು. ಒತ್ತಿದಾಗ ಹಲ್ಲು ಒಂದು ಕಡೆ ಕೂರುತ್ತದೆ, ಬಿಟ್ಟಾಗ ಇನ್ನೊಂದು ಕಡೆಗೆ ಬಡಿಯುತ್ತದೆ. ಒಂದನೇ ಗೇರಿನಲ್ಲಿ ಇಂಜಿನ್ ಬಲ ಹೆಚ್ಚಾಗಿ ಚಕ್ರಕ್ಕೆ ಹೋಗುವುದರಿಂದ ಆ ಬಡಿತ ಜಾಸ್ತಿ ಗೊತ್ತಾಗುತ್ತದೆ. ಅದರ ಜೊತೆಗೆ ಕಾರು ಎಗರಿದಾಗ ನಿಮ್ಮ ಪಾದ ಎಗರುತ್ತದೆ, ಪಾದ ಎಗರಿದರೆ ಆಕ್ಸಿಲರೇಟರ್ ಎಗರುತ್ತದೆ, ಹೀಗೇ ಕಪ್ಪೆ ಕುಣಿತ ಶುರು. ಹಿಮ್ಮಡಿಯನ್ನು ನೆಲಕ್ಕೆ ಊರಿ, ಹೆಬ್ಬೆರಳಿನಿಂದ ಮಾತ್ರ ಒತ್ತಿ. ಕ್ಲಚ್ ತುಳಿಯುವ ಮುಂಚೆಯೂ ಆಕ್ಸಿಲರೇಟರನ್ನು ಫಟ್ ಅಂತ ಬಿಡದೆ ನಿಧಾನವಾಗಿ ಕಡಿಮೆ ಮಾಡಿ. ಅರ್ಧ ರೋಗ ಅಲ್ಲೇ ಹೋಗುತ್ತದೆ.

ಸುಮ್ನೆ ನೋಡೋನು:

ಎಕ್ಸ್‌ಪ್ರೆಸ್‌ವೇಗೆ ತಗೊಂಡು ಹೋಗು ಗುರು, ಗೇರೇ ಬದಲಾಯಿಸಬೇಕಿಲ್ಲ.

ಒಂಟಿಕೊಪ್ಪಲ್ ಅಕ್ಕ:

ಹೋಗಲಿ, ಆದರೆ ಅಲ್ಲಿ 100ರ ಮಿತಿ, ಕ್ಯಾಮೆರಾ ಎಲ್ಲ ಇದೆ. ಆರನೇ ಗೇರಿನಲ್ಲಿ ಸುಮ್ನೆ ಕೂತರೆ ಕಲಿಯುವುದೇನು? ಕಲಿಯಬೇಕು ಅಂದರೆ ಕೆಆರ್‌ಎಸ್ ರೋಡು. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಹಾಕಿಕೊಂಡರೆ ಎರಡು ಮೂರು, ಮೂರು ಎರಡು, ಒಂದು ಗಂಟೆಯಲ್ಲಿ ವರ್ಷದ ಅಭ್ಯಾಸ ಆಗುತ್ತದೆ.

ಹಿನಕಲ್ ಹುಡುಗ:

ಮೂರು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ. ಹೊರಡುವುದು ಈಗ ಪರವಾಗಿಲ್ಲ. ಒಂದರಿಂದ ಎರಡಕ್ಕೆ ನ್ಯೂಟ್ರಲ್‌ನಲ್ಲಿ ಕಾಯುವ ಉಪಾಯ ಮೊದಲ ದಿನವೇ ಫಲ ಕೊಟ್ಟಿತು. ಮೂರರಿಂದ ಎರಡಕ್ಕೆ ಹತ್ತರಲ್ಲಿ ಏಳು ಸಲ ಸರಿ ಬರುತ್ತದೆ, ಉಳಿದ ಮೂರರಲ್ಲಿ ಒದೆ ಜಾಸ್ತಿ ಆಗಿ ಪಕ್ಕದ ಬೈಕಿನವರು ನಾನೇನೋ ರೇಸಿಗೆ ಕರೆಯುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಅಮ್ಮನನ್ನು ಕೂರಿಸಿಕೊಂಡು ಬೆಟ್ಟಕ್ಕೆ ಹೋಗಿಬಂದೆ. ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಸಿದೆ. ಅಮ್ಮ ಬೈಯಲಿಲ್ಲ, ಸೀಟು ಇಷ್ಟು ಕೆಳಗೆ ಯಾಕೆ ಅಂತ ಮಾತ್ರ ಕೇಳಿದರು.

ಉಳಿದಿದ್ದು ಒಂದೇ. ನಮ್ಮ ಬೀದಿಯ ಹಂಪ್. ಕಾರಿನ ಹೊಟ್ಟೆ ತಗುಲಬಾರದು ಅಂತ ಓರೆಯಾಗಿ ನಿಧಾನವಾಗಿ ಹತ್ತಿಸುತ್ತೇನೆ, ಆಗ ಎರಡರಿಂದ ಒಂದಕ್ಕೆ ಹಾಕಿದರೆ ಮತ್ತೆ ಹಳೇ ಕಥೆ, ದಬ್ ಅಂತ ಹಿಡಿದುಕೊಳ್ಳುತ್ತದೆ.

ಹಳೇ ಡ್ರೈವರ್, ಮಂಡ್ಯ:

ಒಂದಕ್ಕೆ ಯಾಕೆ ಹಾಕುತ್ತೀಯ ತಮ್ಮಾ? ಒಂದನೇ ಗೇರು ನಿಂತ ಗಾಡಿ ಹೊರಡಿಸುವುದಕ್ಕೆ. ಚಕ್ರ ಉರುಳುತ್ತಿದ್ದರೆ ಎರಡು ಸಾಕು. ಮೊಮ್ಮಗಳು ಆ ಹುಡುಗಿ ಕೊಟ್ಟ ಅಂಕಿ ಹಿಡಿದು, ಅಂತಿಮ ಅನುಪಾತ (ಡಿಫರೆನ್ಷಿಯಲ್ಲಿನ ಗೇರಿನದು) 3.692 ಅಂತ ಹುಡುಕಿ, ಟಯರ್ ಸುತ್ತಳತೆ ಸೇರಿಸಿ ಲೆಕ್ಕ ಹಾಕಿದಳು. ನಿನ್ನ ಗಾಡಿಗೆ ಎರಡನೇ ಗೇರಿನಲ್ಲಿ 1000 ಆರ್‌ಪಿಎಂ ಅಂದರೆ ಸುಮಾರು 15 ಕಿಲೋಮೀಟರ್ ಸ್ಪೀಡಂತೆ. ಅದಕ್ಕಿಂತ ಕಡಿಮೆ ಆದರೆ ಎರಡರಲ್ಲೇ ಕ್ಲಚ್ ಸ್ವಲ್ಪ ತುಳಿದು ಹಂಪ್ ದಾಟಿಸು, ಆ ಕಡೆ ಇಳಿಯುವಾಗ ಮೆಲ್ಲಗೆ ಬಿಡು. ಪೂರ್ತಿ ನಿಂತರೆ ಮಾತ್ರ ಒಂದಕ್ಕೆ ಹಾಕು.

ಹಿನಕಲ್ ಹುಡುಗ:

ಈಗಷ್ಟೇ ಹೋಗಿ ನೋಡಿ ಬಂದೆ. ನಾಲ್ಕು ಸಲ ಹಂಪ್ ದಾಟಿಸಿದೆ, ನಾಲ್ಕೂ ಸಲ ಸದ್ದಿಲ್ಲ. ಐದನೇ ಸಲಕ್ಕೆ ಪಕ್ಕದ ಮನೆಯ ಆಂಟಿ ಹೊರಗೆ ಬಂದು ಏನಪ್ಪಾ ಕಳೆದುಕೊಂಡೆ, ಅಲ್ಲಲ್ಲೇ ಸುತ್ತುತ್ತಿದ್ದೀಯಲ್ಲ ಅಂತ ಕೇಳಿದರು. ನಮ್ಮ ಅಕ್ಕನಿಗೆ ಭಾನುವಾರ ಬಾ ಅಂತ ಮೆಸೇಜ್ ಹಾಕಿದ್ದೇನೆ. ನೋಡಿದ್ದಾಳೆ, ಉತ್ತರ ಇನ್ನೂ ಬಂದಿಲ್ಲ.