ಏರ್ ಪ್ಯೂರಿಫೈಯರ್ ತಗೊಳ್ಳೋ ಮುಂಚೆ: ಮನೆಯೊಳಗಿನ ಗಾಳಿ ಬಗ್ಗೆ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಬೆಂಗಳೂರಿನ ಸದಸ್ಯೆ): ಸರ್, ನೀವು ಮನೆಗಳ ಗಾಳಿ-ವೆಂಟಿಲೇಶನ್ ಕೆಲಸ ಮಾಡ್ತೀರಿ ಅಂತ ಕೇಳ್ತಿದ್ದೀನಿ. ನಮ್ಮದು ಬನಶಂಕರಿ ಕಡೆ ರಸ್ತೆ ಪಕ್ಕದ ಫ್ಲಾಟು. ಆರು ವರ್ಷದ ಮಗಳಿಗೆ ರಾತ್ರಿ ಹೊತ್ತು ಕೆಮ್ಮು. ಡಾಕ್ಟರು ಧೂಳಿನ ಅಲರ್ಜಿ ಅಂತ ಹೇಳಿ ಔಷಧಿ ಕೊಟ್ಟಿದ್ದಾರೆ. ಏರ್ ಪ್ಯೂರಿಫೈಯರ್ ತರೋಣ ಅಂತಾರೆ ಯಜಮಾನರು. ಸುಮ್ನೆ ದುಡ್ಡು ದಂಡ, ಕಿಟಕಿ ತೆಗೆದಿಟ್ಟರೆ ಸಾಕು ಅಂತಾರೆ ಅತ್ತೆ. ಯಾರ ಮಾತು ಕೇಳಲಿ? ಎರಡು ಹೊತ್ತೂ ಊದಿನಕಡ್ಡಿ, ಸಂಜೆ ಸೊಳ್ಳೆ ಬತ್ತಿ ಹಚ್ಚುತ್ತೇವೆ. ಅಡುಗೆಮನೆಯಲ್ಲಿ ಚಿಮಣಿ ಇದೆ.

ಉತ್ತರ: ಮೇಡಂ, ಕೊನೆಯಲ್ಲಿ ಬರೆದ ಎರಡು ಸಾಲಿನಿಂದಲೇ ಶುರು ಮಾಡೋಣ. ಹೊಗೆ ಮನೆಯೊಳಗೇ ಹುಟ್ಟುತ್ತಿದ್ದರೆ ಮೆಷಿನ್ ತಂದು ಏನು ಪ್ರಯೋಜನ?

ಮೊದಲು ಸೊಳ್ಳೆ ಬತ್ತಿ. ಒಂದು ಬತ್ತಿ ಪೂರ್ತಿ ಉರಿದರೆ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನ ಹೊಗೆಯಲ್ಲಿ ಇರುವಷ್ಟು ಅಂತ 2003ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಸೊಳ್ಳೆ ಬರಬಾರದು ಅಂತ ಕಿಟಕಿಯನ್ನೂ ಮುಚ್ಚಿರುತ್ತೀರಿ, ಅಲ್ವಾ? ಆ ಹೊಗೆಯಲ್ಲೇ ಮಗು ಮಲಗುತ್ತೆ. ಬತ್ತಿ ಇವತ್ತೇ ಬಿಡಿ. ಕಿಟಕಿಗೆ ಜಾಲರಿ ಹಾಕಿಸಿ, ಮಂಚಕ್ಕೆ ಸೊಳ್ಳೆ ಪರದೆ ಕಟ್ಟಿ. ಪ್ಯೂರಿಫೈಯರ್‌ಗಿಂತ ತುಂಬಾ ಕಡಿಮೆಗೆ ಆಗುತ್ತೆ.

ಊದಿನಕಡ್ಡಿ ಬೇಡವೇ ಬೇಡ ಅಂತ ನಾನು ಹೇಳಲ್ಲ, ಹೇಳಿದರೂ ಅತ್ತೆ ಕೇಳಲ್ಲ. ಐದರ ಬದಲು ಒಂದು ಹಚ್ಚಿ. ಪೂಜೆ ಮುಗಿದ ಮೇಲೆ ಬಾಲ್ಕನಿಯ ತುಳಸಿ ಕಟ್ಟೆಗೆ ಸಿಕ್ಕಿಸಿ. ಸಾಂಬ್ರಾಣಿ, ಧೂಪದ ಹೊಗೆ ಇನ್ನೂ ದಟ್ಟ. ಹಾಕುವ ದಿನ ಎದುರುಬದುರಿನ ಕಿಟಕಿಗಳು ತೆರೆದಿರಲಿ.

ಈಗ ಚಿಮಣಿ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ. ಚಿಮಣಿ ಆನ್ ಮಾಡಿ ಒಂದು ತೆಳು ಟಿಶ್ಯೂ ಪೇಪರನ್ನು ಫಿಲ್ಟರ್ ಹತ್ತಿರ ಹಿಡಿಯಿರಿ. ಅದು ಗಟ್ಟಿಯಾಗಿ ಅಂಟಿಕೊಳ್ಳಬೇಕು. ಜೋತು ಬಿದ್ದರೆ ಗಾಳಿ ಎಳೀತಿಲ್ಲ ಅಂತ ಅರ್ಥ. ಆಮೇಲೆ ಅದರ ಪೈಪು ಎಲ್ಲಿಗೆ ಹೋಗಿದೆ ನೋಡಿ. ಕೆಲವು ಮನೆಗಳಲ್ಲಿ ಪೈಪೇ ಇರಲ್ಲ. ಇದ್ದಿಲಿನ ಫಿಲ್ಟರಿನಲ್ಲಿ ಸೋಸಿ ಅದೇ ಗಾಳಿಯನ್ನು ಮತ್ತೆ ಅಡುಗೆಮನೆಗೇ ಬಿಡುತ್ತೆ. ವಾಸನೆ ಒಂಚೂರು ಕಡಿಮೆ ಆಗಬಹುದು, ಆದರೆ ಬಿಸಿ, ಹಬೆ, ಗ್ಯಾಸ್ ಉರಿಯುವಾಗ ಹುಟ್ಟುವ ನೈಟ್ರೋಜನ್ ಡೈಆಕ್ಸೈಡ್ ಅನ್ನೋ ಕೆಟ್ಟ ಅನಿಲ ಬಹುಮಟ್ಟಿಗೆ ಒಳಗೇ ಉಳಿಯುತ್ತವೆ. ಪೈಪ್ ಇದ್ದರೂ ಕಪಾಟಿನ ಹಿಂದೆ ಎರಡು ಕಡೆ ಬಗ್ಗಿಸಿ, ಹಿಚುಕಿ ಕೂರಿಸಿರುತ್ತಾರೆ. ಹೊರಗಿನ ತುದಿಯ ಮುಚ್ಚಳ ಎಣ್ಣೆ ಜಿಡ್ಡಿಗೆ ಅಂಟಿಕೊಂಡು ತೆರೆಯುವುದೇ ಇಲ್ಲ. ಅದನ್ನು ಬಿಡಿಸಿ ಒರೆಸಿದರೆ ಅರ್ಧ ಕೆಲಸ ಆದಂತೆ.

ಒಗ್ಗರಣೆ ಸಿಡಿದ ಮೇಲೆ ಚಿಮಣಿ ಹಾಕುವವರೇ ಜಾಸ್ತಿ. ಒಲೆ ಹಚ್ಚುವ ಮೊದಲೇ ಹಾಕಿ, ಅಡುಗೆ ಮುಗಿದ ಮೇಲೂ ಹತ್ತು ನಿಮಿಷ ಓಡಲಿ. ಬರೀ ಎಕ್ಸಾಸ್ಟ್ ಫ್ಯಾನ್ ಇರುವವರು ಅದರ ಪಕ್ಕದ ಕಿಟಕಿ ತೆಗೆಯಬೇಡಿ. ಆ ಕಿಟಕಿಯಿಂದ ಬಂದ ಗಾಳಿ ಒಲೆ ಕಡೆ ಸುಳಿಯದೆ ನೇರ ಫ್ಯಾನಿಗೇ ಹೋಗುತ್ತೆ. ಎದುರಿನ ಬಾಗಿಲೋ ಕಿಟಕಿಯೋ ತೆರೆದಿರಲಿ.

ಅತ್ತೆ ಹೇಳಿದ್ದು ಅರ್ಧ ಸರಿ. ಕಿಟಕಿ ತೆಗೆಯಬೇಕು, ಆದರೆ ಹೊತ್ತು ನೋಡಿ. ಟ್ರಾಫಿಕ್ ಕಟ್ಟಿಕೊಂಡಿರುವಾಗ ರಸ್ತೆ ಕಡೆಯ ಕಿಟಕಿ ಬೇಡ. ಚಳಿಗಾಲದ ಬೆಳಿಗ್ಗೆ ಹೊಗೆ ಮೇಲೇರದೆ ನೆಲದ ಹತ್ತಿರವೇ ಕೂತಿರುತ್ತೆ. ಬಿಸಿಲೇರಿದ ಮೇಲೆ, ಮಧ್ಯಾಹ್ನದ ಹೊತ್ತು ತೆಗೆಯಿರಿ.

ಇನ್ನು ಧೂಳಿನ ಅಲರ್ಜಿ. ಬಹಳಷ್ಟು ಸಲ ಅದಕ್ಕೆ ಕಾರಣ ಹಾಸಿಗೆಯಲ್ಲಿರುವ ಧೂಳಿನ ನುಸಿ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ. ಅದರ ಹಿಕ್ಕೆಯ ಕಣ ಭಾರ, ಗಾಳಿಯಲ್ಲಿ ತೇಲುವುದು ಕಡಿಮೆ. ಹಾಗಾಗಿ ಪ್ಯೂರಿಫೈಯರ್‌ಗೆ ಅಷ್ಟಾಗಿ ಸಿಗಲ್ಲ. ಹೊದಿಕೆ, ದಿಂಬಿನ ಕವರು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ ಒಗೆಯಿರಿ. ಮಂಚದ ಮೇಲಿನ ಟೆಡ್ಡಿ ಸೈನ್ಯವನ್ನು ಬೇರೆ ಕೋಣೆಗೆ ಕಳಿಸಿ. ಕಸ ಗುಡಿಸುವಾಗ ಮಗು ಆ ಕೋಣೆಯಲ್ಲಿ ಬೇಡ. ಆದಷ್ಟು ಒದ್ದೆ ಬಟ್ಟೆಯಲ್ಲೇ ಒರೆಸಿ. ಡಾಕ್ಟರು ಕೊಟ್ಟ ಔಷಧಿ ಮಾತ್ರ ನೀವಾಗೇ ನಿಲ್ಲಿಸಬೇಡಿ.

ಅದೇ ಸದಸ್ಯೆ: ಇಷ್ಟೆಲ್ಲಾ ಮಾಡಿದ ಮೇಲೂ ತಗೋಬೇಕು ಅನ್ನಿಸಿದರೆ?

ಉತ್ತರ: ತಗೊಳ್ಳಿ. ರಸ್ತೆ ಪಕ್ಕದ ಮನೆ, ಅಲರ್ಜಿಯ ಮಗು ಇದ್ದಾಗ ಅದು ದಂಡ ಅಲ್ಲ. ಡಬ್ಬದ ಮೇಲೆ ಸಿಎಡಿಆರ್ ಅನ್ನೋ ಅಂಕಿ ನೋಡಿ. ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತೆ ಅನ್ನೋ ಲೆಕ್ಕ ಅದು. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿ ಇರುತ್ತೆ. ಗಂಟೆಗೆ ಐದು ಸಲ ಸೋಸಬೇಕು ಅಂದರೆ 170 ಬೇಕು. ಪೂರ್ತಿ ಸ್ಪೀಡಿನಲ್ಲಿ ಸದ್ದಿಗೆ ನಿದ್ದೆ ಬರಲ್ಲ, ಅದಕ್ಕೇ 250ರ ಮೇಲಿನದ್ದು ತಂದು ನಿಧಾನಕ್ಕೆ ಓಡಿಸಿ. ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರಲಿ. ಹೊಸ ಫಿಲ್ಟರಿಗೆ ಎಷ್ಟಾಗುತ್ತೆ ಅಂತ ಈಗಲೇ ಕೇಳಿ. ಓಝೋನ್ ಬಿಡುವ ಮೆಷಿನ್ ಬೇಡ, ಓಝೋನೇ ಶ್ವಾಸಕೋಶಕ್ಕೆ ಕೆಟ್ಟದ್ದು. ಸೋಫಾ ಹಿಂದೆ, ಕರ್ಟನ್ ಮರೆಯಲ್ಲಿ ಇಡಬೇಡಿ.

ಇನ್ನೊಬ್ಬ ಸದಸ್ಯರು: ಮೆಷಿನ್ ಯಾಕೆ ಸರ್, ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್ ಇಟ್ಟರೆ ಆಗಲ್ವಾ? ನಾಸಾನೇ ಹೇಳಿದೆಯಲ್ಲ.

ಉತ್ತರ: ನಾಸಾ 1989ರಲ್ಲಿ ಮಾಡಿದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಯೊಳಗಿನ ಪ್ರಯೋಗ. ನಮ್ಮ ಮನೆ ಪೆಟ್ಟಿಗೆ ಅಲ್ಲ. ಅಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ನೋಡಿದ 2019ರ ಒಂದು ವಿಮರ್ಶೆ ಪ್ರಕಾರ, ಸಾಮಾನ್ಯ ಗಾಳಿಯಾಟದಷ್ಟು ಕೆಲಸ ಗಿಡಗಳಿಂದ ಆಗಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು. ಚೆಂದಕ್ಕೆ ಇಡಿ, ನಮ್ಮ ಮನೆಯಲ್ಲೂ ಇವೆ.

ತೀರ್ಥಹಳ್ಳಿ ಕಡೆಯ ಸದಸ್ಯೆ: ಅಣ್ಣ, ನಮ್ಮಲ್ಲಿ ಟ್ರಾಫಿಕ್ ಇಲ್ಲ. ಆದರೆ ಬಚ್ಚಲ ಒಲೆ ಹೊಗೆ ಒಳಗೆ ನುಗ್ಗುತ್ತೆ, ಮಳೆಗಾಲದಲ್ಲಿ ಕಪಾಟೆಲ್ಲ ಬೂಷ್ಟು.

ಉತ್ತರ: ಅಕ್ಕಾ, ಒಲೆಗೆ ಹೊಗೆ ಕೊಳವೆ ಇದ್ದರೆ ಮೊದಲು ಅದರ ಮಸಿ ಕೆರೆದು ತೆಗೆಸಿ. ತುದಿ ಮಾಡಿನ ನೆತ್ತಿಗಿಂತ ಮೇಲೆ ಇರಬೇಕು, ಇಲ್ಲದಿದ್ದರೆ ಗಾಳಿ ಹೊಗೆಯನ್ನು ವಾಪಸ್ ತಳ್ಳುತ್ತೆ. ಕೊಳವೆಯೇ ಇಲ್ಲದಿದ್ದರೆ ಒಲೆಯನ್ನೇ ಹೊಸದಾಗಿ ಕಟ್ಟಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ, ಹೊಗೆ ಕೊಳವೆ ಇರುವ ಅಸ್ತ್ರ ಒಲೆ ನಿಮ್ಮ ಕಡೆಯವರಿಗೆ ಗೊತ್ತಿರುತ್ತೆ. ಕಟ್ಟಲು ಬರುವವರು ಊರಲ್ಲಿ ಇದ್ದಾರಾ ವಿಚಾರಿಸಿ. ಪೂರ್ತಿ ಒಣಗಿದ ಸೌದೆ ಹಾಕಿದರೂ ಹೊಗೆ ಎಷ್ಟೋ ಕಡಿಮೆ.

ಬೂಷ್ಟಿನ ಮೇಲೆ ಬಣ್ಣ ಹೊಡೆದರೆ ಮುಂದಿನ ಆಷಾಢಕ್ಕೆ ಮತ್ತೆ ಬರುತ್ತೆ. ಹೆಂಚೋ ಪೈಪೋ ಸೋರುತ್ತಿದ್ದರೆ ಅದನ್ನು ಸರಿಮಾಡಿಸಿ. ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಯಿರಿ. ಒದ್ದೆ ಬಟ್ಟೆ ಮಲಗುವ ಕೋಣೆಯಲ್ಲಿ ಹರವಬೇಡಿ, ಆ ನೀರೆಲ್ಲ ಗೋಡೆಗೇ ಹೋಗುತ್ತೆ.

ಮೈಸೂರಿನ ಸದಸ್ಯರು: ಬಾತ್‌ರೂಮ್ ಒಳಗೇ ಗ್ಯಾಸ್ ಗೀಸರ್ ಇದೆ. ಸಣ್ಣ ಕಿಟಕಿ, ಚಳಿಗೆ ಮುಚ್ಚಿರ್ತೀವಿ. ಪರವಾಗಿಲ್ವಾ?

ಉತ್ತರ: ಇಲ್ಲ, ಖಂಡಿತ ಇಲ್ಲ. ಮುಚ್ಚಿದ ಜಾಗದಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಾನಿಲ ತುಂಬುತ್ತೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಸುತ್ತಿ ಬೀಳುವವರೆಗೂ ಗೊತ್ತಾಗಲ್ಲ, ಸ್ನಾನದ ಮನೆಯಲ್ಲೇ ಪ್ರಾಣ ಹೋದ ಪ್ರಕರಣಗಳು ನಮ್ಮ ರಾಜ್ಯದಲ್ಲೇ ಆಗಿವೆ. ಗೀಸರನ್ನು ಬಾಲ್ಕನಿಗೋ ಹೊರಗಿನ ಗೋಡೆಗೋ ಸಾಗಿಸಿ, ನೀರಿನ ಪೈಪ್ ಮಾತ್ರ ಒಳಗೆ ಬರಲಿ. ಅಲ್ಲಿವರೆಗೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಕಿಟಕಿ-ಬಾಗಿಲು ತೆರೆದಿಟ್ಟು ಸ್ವಲ್ಪ ಹೊತ್ತು ಬಿಟ್ಟು ಸ್ನಾನಕ್ಕೆ ಹೋಗಿ. ಕೆಲಸದವರು ಯಾವತ್ತು ಬರ್ತಾರೆ ಅಂತ ಇಲ್ಲೇ ತಿಳಿಸಿ, ಎಲ್ಲಿ ಕೂರಿಸಬೇಕು ಅಂತ ಫೋಟೋ ನೋಡಿ ಹೇಳ್ತೀನಿ.