ಶಿರಹಟ್ಟಿ ಕಡೆ ಹಳೇ ಉತಾರ (ಪಹಣಿ), ಎಂ.ಇ. (ಹಕ್ಕು ಬದಲಾವಣೆ ನಮೂದು) ನಕಲು, 2004ರ ಹಿಂದಿನ ಇ.ಸಿ. (ಋಣಭಾರ ಪ್ರಮಾಣಪತ್ರ) – ಯಾವ ಕಚೇರಿಯೊಳಗ, ಹೆಂಗ ತೆಗಸಬೇಕು?

ಮಾಗಡಿ ಕೆರೆ ಕೇಳಿದ್ದು:

ಎಲ್ಲಾರಿಗೂ ನಮಸ್ಕಾರ. ಹೊಲ ಇರೋದು ಈಗಿನ ಲಕ್ಷ್ಮೇಶ್ವರ ತಾಲೂಕಿನ ಒಂದು ಹಳ್ಳಿಯೊಳಗ. ತಾಲೂಕು ಒಡಿಯೋಕಿಂತ ಮೊದಲ ಅದು ಶಿರಹಟ್ಟಿಗೆ ಸೇರಿತ್ತು. ವಾಟ್ನಿ (ಆಸ್ತಿ ಪಾಲಿನ) ದಾವೆ ಹೂಡಬೇಕು. ವಕೀಲರು ಕೇಳಿದ್ದು ಇಷ್ಟು: ಅಜ್ಜನ ಕಾಲದಿಂದ ಇಲ್ಲೀತನಕ ಉತಾರ, ನಡುವಿನ ಎಲ್ಲಾ ಎಂ.ಇ. ನಕಲು, 1950ರಿಂದ ಇ.ಸಿ., ಅಜ್ಜ ತೀರಿಕೊಂಡ ದಾಖಲೆ (1962).

ಈಗಿನ ಉತಾರದಾಗ ಇರೋ ಸರ್ವೆ ನಂಬರ್ ಒಂದು, ಮನ್ಯಾಗಿನ ಹಳೇ ಕಂದಾಯ ಪಾವತಿ ಮ್ಯಾಲಿನ ನಂಬರ್ ಬ್ಯಾರೆ. ಕ್ಷೇತ್ರ 5-12. ಭೂಮಿ ಜಾಲತಾಣದಾಗ ಕಂಪ್ಯೂಟರ್ ಉತಾರ ಅಷ್ಟ ಸಿಗತಾವ. ಕಾವೇರಿಯೊಳಗ (ನೋಂದಣಿ ಇಲಾಖೆ ಜಾಲತಾಣ) ಇ.ಸಿ.ಗೆ ಹಾಕಿದರ ವ್ಯವಹಾರ ಇಲ್ಲ ಅಂತ ಬಂತು. ಲಕ್ಷ್ಮೇಶ್ವರಕ್ಕ ಹೋಗಬೇಕೋ, ಶಿರಹಟ್ಟಿಗೋ, ಗದಗಕ್ಕೋ, ಧಾರವಾಡಕ್ಕೋ? ಗೊತ್ತಿದ್ದವರು ದಯಮಾಡಿ ಬಿಡಿಸಿ ಹೇಳ್ರಿ.

---

ಕಪ್ಪತಗುಡ್ಡ ಉತ್ತರ:

ಅಜ್ಜನ ಹೆಸರು ಹೇಳಿ "ಇವರ ಹೆಸರಲೇ ಏನೇನ ಐತಿ ಕೊಡ್ರಿ" ಅಂತ ಕೇಳಿದರ ಯಾವ ಕಂದಾಯ ಕಚೇರಿಯೊಳಗೂ ಏನೂ ಸಿಗಂಗಿಲ್ಲ. ಅಲ್ಲಿ ಹಳೇ ದಫ್ತರ (ಕಡತ) ಇಟ್ಟಿದ್ದು ಊರು ಮತ್ತ ನಂಬರ್ ಮ್ಯಾಲೆ, ಹೆಸರಿನ ಮ್ಯಾಲೆ ಅಲ್ಲ. ಅದಕ್ಕ ಇವತ್ತಿನ ಉತಾರದಿಂದ ಶುರು ಮಾಡಿ ಹಿಂದ ಹಿಂದ ಹೋಗ್ರಿ.

ಉತಾರದ ಕಲಂ 9ರಾಗ ಮಾಲೀಕರ ಹೆಸರು, ಕಲಂ 10ರಾಗ ಆ ಹಕ್ಕು ಹೆಂಗ ಬಂತು ಅನ್ನೋದು ಮತ್ತ ಎಂ.ಆರ್. (ಹಕ್ಕು ಬದಲಾವಣೆ ಪುಸ್ತಕದ, ಹಿಂದಿನ ಎಂ.ಇ. ಇದ್ದಂಗ) ನಂಬರ್ ಇರತದ. ಆ ನಂಬರಿನ ನಕಲು ತಗೀರಿ. ಯಾರ ಹೆಸರು ಕಮ್ಮಿ ಆತು, ಯಾರದು ಏರಿತು, ವಾರಸಾನೋ (ಸತ್ತವರ ಹಕ್ಕು ವಾರಸುದಾರರಿಗೆ) ವಾಟ್ನಿಯೋ ಖರೇದಿಯೋ, ವರ್ದಿ (ಬದಲಾವಣೆ ತಿಳಿಸೋ ಅರ್ಜಿ) ಕೊಟ್ಟ ತಾರೀಖು ಯಾವುದು, ಎಲ್ಲಾ ಅದರಾಗ ಇರತದ. ಅದರಿಂದ ಹಿಂದಿನ ಮಾಲೀಕ ಗೊತ್ತಾಗತಾನ. ಅವನ ಹೆಸರಿದ್ದ ವರ್ಷದ ಉತಾರ ತಗೀರಿ, ಅದರಾಗಿನ ನಂಬರ್ ಹಿಡಕೊಂಡು ಇನ್ನೂ ಹಿಂದ ಹೋಗ್ರಿ.

ಸರಪಳಿ ಹರಿಯೋದು ಬಹಳ ಸಲ ಕೈಬರಹದ ಉತಾರ ಕಂಪ್ಯೂಟರಿಗೆ ಏರಿಸಿದ ಜಾಗಾದಾಗ. ಏರಿಸೋವಾಗ ಹೆಸರು ಬಿಟ್ಟಿರತಾರ, ಜಂಟಿ ಖಾತೆಯೊಳಗ ಒಬ್ಬರದ ಹೆಸರು ಉಳಿಸಿರತಾರ, ಹಿಸ್ಸಾ (ಸರ್ವೆ ನಂಬರಿನ ಪಾಲು) ತಪ್ಪಿರತದ. ಅಲ್ಲಿ ಯಾವ ಎಂ.ಆರ್. ನಂಬರೂ ಇರಂಗಿಲ್ಲ, ಹೆಸರು ಮಾತ್ರ ಬದಲಾಗಿರತದ. ಅದಕ್ಕ ಕೈಬರಹದ ಕಟ್ಟಕಡೇ ಉತಾರ ಮತ್ತ ಕಂಪ್ಯೂಟರಿನ ಮೊದಲನೇ ಉತಾರ ಎರಡನ್ನೂ ತಗೊಂಡು ಬಾಜೂಕ ಇಟ್ಟು ನೋಡ್ರಿ. ವಾಟ್ನಿ ದಾವೇದಾಗ ಈ ಜೋಡಿ ಬಹಳ ಕೆಲಸಕ್ಕ ಬರತದ.

ಇನ್ನೂ ಹಿಂದ ಹೋದರ ಮುಂಬಯಿ ಪದ್ಧತಿ ನಮೂನೆಗಳು ಬರತಾವ. ನಮೂನೆ 6 ಅಂದರ ಹಕ್ಕು ಬದಲಾವಣೆ ಪುಸ್ತಕ, 7-12 ಅಂದರ ಉತಾರ. ಇವುಗಳೊಳಗ ರದ್ದಾದ ಹೆಸರಿಗೆ ಕಂಸ ಹಾಕಿರತಾರ, ಬಾಜೂಕ ಗೋಲಿನೊಳಗ ಒಂದು ಅಂಕಿ ಬರದಿರತಾರ. ಆ ಗೋಲಿನ ಅಂಕಿನ ಎಂ.ಇ. ನಂಬರ್. ಈಗಿನ ಎಂ.ಆರ್. ಹಂಗ ಅದಕ್ಕ ವರ್ಷ ಜೋಡಿಸಿರಂಗಿಲ್ಲ. ಆ ಊರಿನ ಪುಸ್ತಕದಾಗ ಒಂದರಿಂದ ಓಡಿಕೊಂಡು ಬಂದ ಅಂಕಿ ಅದು. ಅರ್ಜಿಯೊಳಗ ಅಂದಾಜಿನ ಮ್ಯಾಲೆ ವರ್ಷ ಬರದು ಸಿಬ್ಬಂದಿಗೆ ದಾರಿ ತಪ್ಪಿಸಬ್ಯಾಡ್ರಿ. ಊರು ಮತ್ತ ಎಂ.ಇ. ನಂಬರ್ ಸಾಕು.

ಇನ್ನ ಕಚೇರಿ. ಲಕ್ಷ್ಮೇಶ್ವರ ಬ್ಯಾರೆ ತಾಲೂಕು ಆಗಿದ್ದು ಮೊನ್ನೆ ಮೊನ್ನೆ, ಹಳೇ ಕಡತ ಹುಟ್ಟಿದ್ದು ಶಿರಹಟ್ಟಿಯೊಳಗ. ಮೊದಲ ಲಕ್ಷ್ಮೇಶ್ವರ ತಹಶೀಲ್ದಾರ ಕಚೇರಿ ಅಭಿಲೇಖಾಲಯದಾಗ (ದಾಖಲೆ ಕೋಣೆ) "ಈ ಊರಿನ ದಫ್ತರ ಇಲ್ಲಿಗೆ ಬಂದದ ಏನು, ಯಾವ ವರ್ಷದಿಂದ?" ಅಂತ ಕೇಳ್ರಿ, ಆಮ್ಯಾಲೆ ಶಿರಹಟ್ಟಿ. ಭೂಸುರಕ್ಷಾ ಯೋಜನೆ ಒಳಗ ಹಳೇ ಕಡತ ಸ್ಕ್ಯಾನ್ ಮಾಡ್ಲಿಕ್ಹತ್ಯಾರ. ನಿಮ್ಮೂರಿಂದು ಆಗಿದ್ದರ ಪುಟ ಕೈಯಿಂದ ಹುಡುಕೋ ಕೆಲಸ ತಪ್ಪತದ. ಧಾರವಾಡದ ನೆನಪು ಯಾವಾಗ ಬರಬೇಕು ಅಂದರ, ಗದಗ ಜಿಲ್ಲೆ ಆಗಿದ್ದು 1997ರಾಗ. ಅದಕ್ಕಿಂತ ಮೊದಲ ಜಿಲ್ಲಾಧಿಕಾರಿಗಳು ಮಾಡಿದ ಆದೇಶ ಏನರ ಇದ್ದರ ಅದು ಹುಟ್ಟಿದ್ದು ಧಾರವಾಡ ಕಚೇರಿಯೊಳಗ.

---

ಸರಪಳಿ-ಆಣೆ ಉತ್ತರ:

ನಂಬರ್ ಬದಲಾಗಿರುವ ವಿಷಯವನ್ನು ಮೊದಲು ಬಗೆಹರಿಸಿಕೊಳ್ಳಿ. ಇಲ್ಲದಿದ್ದರೆ ಯಾರದೋ ಹೊಲದ ಉತಾರಕ್ಕೆ ನಕಲು ಶುಲ್ಕ ಕಟ್ಟುತ್ತೀರಿ.

ನಂಬರ್ ಬದಲಾಗಲು ನಮ್ಮ ಭಾಗದಲ್ಲಿ ಎರಡು ದೊಡ್ಡ ಕಾರಣಗಳಿವೆ. ಒಂದು ಮರುಮೋಜಣಿ (ಹೊಲಗಳನ್ನು ಮತ್ತೆ ಅಳೆದದ್ದು). ಹಳೆಯ ಕಾಗದಗಳಲ್ಲಿ ನಂಬರಿನ ಮುಂದೆ "ರಿ.ಸ.ನಂ." ಎಂದಿದ್ದರೆ ಅದು ಮರುಮೋಜಣಿಯ ನಂಬರ್. ಇನ್ನೊಂದು, 1947ರ ಮುಂಬಯಿ ಕಾಯ್ದೆಯ ಕೆಳಗೆ ನಡೆದ ಹಿಡುವಳಿಗಳ ಏಕತ್ರೀಕರಣ. ಅದು ಜಾರಿಯಾದ ಹಳ್ಳಿಗಳಲ್ಲಿ ಸರ್ವೆ ನಂಬರ್ ಹೋಗಿ "ಬ್ಲಾಕ್ ನಂಬರ್" ಬಂತು. ಎರಡು ಮೂರು ಹಿಸ್ಸಾ ಸೇರಿ ಒಂದು ಬ್ಲಾಕ್ ಆಗಿರಬಹುದು. ಯಾವ ಹಳೆಯ ನಂಬರಿಗೆ ಯಾವ ಹೊಸ ನಂಬರ್ ಎಂಬ ತಖ್ತೆ (ಪಟ್ಟಿ) ಮತ್ತು ಆಕಾರಬಂದ (ನಂಬರುವಾರು ಕ್ಷೇತ್ರ, ಕಂದಾಯದ ಪುಸ್ತಕ) ಸಿಗುವುದು ಕಂದಾಯ ಶಾಖೆಯಲ್ಲಲ್ಲ, ಭೂಮಾಪನ ಇಲಾಖೆಯಲ್ಲಿ. ತಾಲೂಕಿನಲ್ಲಿ ಸಹಾಯಕ ನಿರ್ದೇಶಕರ (ಎ.ಡಿ.ಎಲ್.ಆರ್.) ಕಚೇರಿ, ಅಲ್ಲಿ ಇಲ್ಲವೆಂದರೆ ಗದಗದ ಉಪನಿರ್ದೇಶಕರ ಕಚೇರಿ. ಆಕಾರಬಂದ, ಮೂಲ ಟಿಪ್ಪಣಿ (ಹೊಲದ ಅಳತೆ ನಕ್ಷೆ), ಹಿಸ್ಸಾ ಟಿಪ್ಪಣಿ, ಗ್ರಾಮ ನಕಾಶೆ: ಈ ನಾಲ್ಕಕ್ಕೂ ಒಂದೇ ಸಲ ಅರ್ಜಿ ಕೊಡಿ.

ಕೈಗೆ ಬಂದ ಮೇಲೆ ಅಂಕಿ ಓದುವುದರಲ್ಲಿ ಎಚ್ಚರವಿರಲಿ. 5-12 ಎಂದರೆ 5 ಎಕರೆ 12 ಗುಂಟೆ. 40 ಗುಂಟೆಗೆ ಒಂದು ಎಕರೆ, ಹಾಗಾಗಿ ಅದು 5.30 ಎಕರೆ. ದಾವೆಯ ಅರ್ಜಿ ಟೈಪ್ ಮಾಡುವಾಗ ಇದು 5.12 ಆಗಿಬಿಟ್ಟರೆ ಏಳು ಗುಂಟೆಗಿಂತ ಹೆಚ್ಚು ಹೊಲ ಕಾಗದದ ಮೇಲೆಯೇ ಹೋಗುತ್ತದೆ. ಮೂರನೆಯ ಅಂಕಿ ಇದ್ದರೆ ಅದು ಆಣೆ, 16 ಆಣೆಗೆ ಒಂದು ಗುಂಟೆ. ಹಳೆಯ ಟಿಪ್ಪಣಿಯಲ್ಲಿ ಉದ್ದವನ್ನೂ ಸರಪಳಿ-ಆಣೆಯಲ್ಲಿ ಬರೆದಿರುತ್ತಾರೆ. ಸರಪಳಿ 33 ಅಡಿ, ಅದಕ್ಕೆ 16 ಆಣೆ. 6-8 ಎಂದರೆ ಆರೂವರೆ ಸರಪಳಿ, ಅಂದರೆ 214 ಅಡಿ 6 ಇಂಚು. ಅದನ್ನು 6.8 ಎಂದು ಓದಿದವರಿಗೆ ಬದು ಹತ್ತು ಅಡಿ ಆಚೆ ಬೀಳುತ್ತದೆ, ಪಕ್ಕದ ಹೊಲದವನ ಜೊತೆ ಜಗಳ ಹತ್ತುತ್ತದೆ.

ಆಕಾರಬಂದದ ಒಟ್ಟು ಕ್ಷೇತ್ರ ಉತಾರದ್ದಕ್ಕಿಂತ ಹೆಚ್ಚಿದ್ದರೆ ಗಾಬರಿಯಾಗಬೇಡಿ, ಮೊದಲು ಖರಾಬು (ಸಾಗುವಳಿಗೆ ಬಾರದ ಜಾಗ) ಕಳೆದು ನೋಡಿ. ಕಳೆದ ಮೇಲೂ ಹೊಂದದಿದ್ದರೆ ಮಾತ್ರ ಪೋಡಿ (ಹಿಸ್ಸಾ ಅಳೆದು ಬೇರೆ ಮಾಡಿದ) ಕಡತ ಕೇಳಿ.

---

ಉಣಕಲ್ ದಂಡೆ ಉತ್ತರ:

ಇ.ಸಿ. ಬಗ್ಗೆ. ಕಾವೇರಿಯಲ್ಲಿ ಆನ್‌ಲೈನ್ ಸಿಗುವುದು 2004ರ ಏಪ್ರಿಲ್ 1ರಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ನಮೂನೆ 22ರಲ್ಲಿ ಅರ್ಜಿ ಕೊಡಬೇಕು. ಸೂಚಿ ಪುಸ್ತಕಗಳನ್ನು ಕೈಯಿಂದ ತಿರುವಿ ಹುಡುಕುತ್ತಾರೆ. ವ್ಯವಹಾರ ಇದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16.

ನಿಮಗೆ ಖಾಲಿ ಬಂದಿರುವುದಕ್ಕೆ ನಂಬರ್ ಕಾರಣ ಇರಬಹುದು. ಪತ್ರದಲ್ಲಿ ಆಸ್ತಿಯನ್ನು ಹೇಗೆ ವರ್ಣಿಸಿದ್ದಾರೋ ಹಾಗೆಯೇ ಸೂಚಿಗೆ ಏರಿರುತ್ತದೆ. ಹಳೆಯ ಸರ್ವೆ ನಂಬರಿನಲ್ಲಿ ಬರೆದ ಖರೇದಿ ಪತ್ರ ಹೊಸ ನಂಬರಿಗೆ ಹುಡುಕಿದರೆ ಕಾಣುವುದಿಲ್ಲ. ಅರ್ಜಿಯಲ್ಲಿ ಹಳೆಯ ನಂಬರ್, ಹೊಸ ನಂಬರ್, ಹಿಸ್ಸಾ, ಕ್ಷೇತ್ರ, ಚಕ್ಕುಬಂದಿ (ನಾಲ್ಕೂ ಕಡೆಯ ಗಡಿ), ಆಯಾ ಕಾಲದ ಮಾಲೀಕರ ಹೆಸರು ಎಲ್ಲ ಬರೆಯಿರಿ. ಸೂಚಿ 1 ಹೆಸರಿನ ಪ್ರಕಾರ, ಸೂಚಿ 2 ಆಸ್ತಿಯ ಪ್ರಕಾರ ಇರುತ್ತದೆ. ಎರಡನ್ನೂ ನೋಡಿಸಿ. ಅಜ್ಜನ ಹೆಸರಿನ ಮುಂದೆ ಒಂದು ಪತ್ರದಲ್ಲಿ ಅಡ್ಡಹೆಸರು, ಇನ್ನೊಂದರಲ್ಲಿ ತಂದೆಯ ಹೆಸರು ಮಾತ್ರ ಇರುವುದು ನಮ್ಮ ಕಡೆ ಸಾಮಾನ್ಯ. ಎರಡೂ ರೂಪದಲ್ಲಿ ಹುಡುಕಬೇಕು. ಹಳ್ಳಿ ಆಯಾ ವರ್ಷ ಯಾವ ಉಪನೋಂದಣಿ ಕಚೇರಿಗೆ ಸೇರಿತ್ತೆಂದು ಮೊದಲು ಕೇಳಿ, ಆಮೇಲೆ ವರ್ಷಗಳನ್ನು ಹಂಚಿ ಅರ್ಜಿ ಕೊಡಿ. ಅಜ್ಜನಿಗೆ ಬೇರೆ ತಾಲೂಕಿನಲ್ಲೂ ಹೊಲ ಇದ್ದು ಎರಡೂ ಒಂದೇ ಪತ್ರದಲ್ಲಿದ್ದರೆ, ಆ ಪತ್ರ ಅಲ್ಲಿಯೂ ನೋಂದಣಿ ಆಗಿರಬಹುದು.

ಇ.ಸಿ. ಖಾಲಿ ಬಂತೆಂದರೆ ಏನೂ ನಡೆದಿಲ್ಲ ಎಂದಲ್ಲ. ವರ್ದಿ ಮೇಲೆ ಆದ ವಾಟ್ನಿ, ವಾರಸಾ, ಭೂನ್ಯಾಯ ಮಂಡಳಿಯ (ಗೇಣಿದಾರರ ಹಕ್ಕು ತೀರ್ಮಾನಿಸಿದ ಮಂಡಳಿ) ಆದೇಶ ಇವು ನೋಂದಣಿ ಪುಸ್ತಕಕ್ಕೆ ಬರುವುದೇ ಇಲ್ಲ. ಇವನ್ನು ಹಿಡಿಯಬೇಕಾದದ್ದು ಎಂ.ಇ.ಯಲ್ಲಿ. 1974ರ ಹಿಂದಿನ ಉತಾರದ ಕಲಂ 12ರಲ್ಲಿ ಸಾಗುವಳಿದಾರ ಬೇರೆಯವನಿದ್ದರೆ ತಾಲೂಕು ಕಚೇರಿಯಲ್ಲಿ ಭೂನ್ಯಾಯ ಮಂಡಳಿಯ ನಮೂನೆ 7ರ (ಗೇಣಿದಾರನ ಅರ್ಜಿ) ಕಡತವನ್ನೂ ನಮೂನೆ 10ನ್ನೂ (ಅವನಿಗೆ ಕೊಟ್ಟ ಹಕ್ಕಿನ ಪ್ರಮಾಣಪತ್ರ) ಕೇಳಲೇಬೇಕು.

ಮೃತ್ಯುಪತ್ರ ಇತ್ತೆಂಬ ಅನುಮಾನವಿದ್ದರೆ: ನೋಂದಣಿ ಆಗಿದ್ದರೆ ಅದು ಉಪನೋಂದಣಿ ಕಚೇರಿಯ 3ನೇ ಪುಸ್ತಕದಲ್ಲಿರುತ್ತದೆ, ಇ.ಸಿ.ಯಲ್ಲಿ ಕಾಣುವುದಿಲ್ಲ. ಬರೆದವರು ತೀರಿಕೊಂಡ ಮೇಲೆ ಯಾರು ಬೇಕಾದರೂ ಅದರ ನಕಲು ಕೇಳಬಹುದು.

---

ಮಾಗಡಿ ಕೆರೆ:

ಬಹಳ ಉಪಕಾರ ಆತ್ರಿ ಎಲ್ಲಾರಿಂದ. ಎರಡು ಉಳದಾವ. ಅಜ್ಜನ ಅಪ್ಪನ ಕಾಲಕ್ಕ ಇದು ಸಂಸ್ಥಾನದಾಗ ಇತ್ತಂತ. ಆ ದಾಖಲೆ ಎಲ್ಲಿ? ಮತ್ತ 1962ರ ಮರಣ ದಾಖಲೆ?

---

ವರದಾ ತೀರ ಉತ್ತರ:

ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜದ್ದು. ಹಿಂಗ ಕುಂದಗೋಳ ಜಮಖಂಡಿಗೆ ಸೇರಿತ್ತು, ಸವಣೂರಿಗೆ ಅದರದ ನವಾಬರಿದ್ದರು. ಇವೆಲ್ಲಾ 1948ರಾಗ ಮುಂಬಯಿ ಪ್ರಾಂತ್ಯಕ್ಕ ಸೇರಿದವು. ಹಂಗಾಗಿ ಮೊದಲ ನಿಮ್ಮ ಹಳ್ಳಿ ಯಾವ ಸಂಸ್ಥಾನದ್ದು ಅಂತ ಖಾತ್ರಿ ಮಾಡಿಕೊಳ್ರಿ. ಹತ್ತಿರ ಹತ್ತಿರದ ಎರಡು ಹಳ್ಳಿ ಬ್ಯಾರೆ ಬ್ಯಾರೆ ಸರಕಾರದ ಕೆಳಗ ಇದ್ದದ್ದು ಈ ಭಾಗದಾಗ ಹೊಸಾದಲ್ಲ. ಊರಿನ ಮಟ್ಟದ ಪುಸ್ತಕ ಉಳದಿದ್ದರ ಅದನ್ನೂ ಮೊದಲ ತಾಲೂಕು ಅಭಿಲೇಖಾಲಯದಾಗ ಹುಡುಕಿಸ್ರಿ. ಮೋಡಿ ಲಿಪಿಯೊಳಗಿನ ಮರಾಠಿ ಇರಬಹುದು, ನಕಲು ತಗೊಂಡು ಮೋಡಿ ಓದೋರ ಹತ್ತಿರ ಲಿಪ್ಯಂತರ ಮಾಡಸಬೇಕು. ಉತಾರದಾಗ ಎಲ್ಲಿಯಾದರೂ "ಇನಾಮ" ಅಥವಾ "ವತನ" (ದಾನಕ್ಕೋ ಸೇವೆಗೋ ಕೊಟ್ಟ ಹೊಲ) ಅನ್ನೋ ಶಬ್ದ ಕಂಡರ ಮರುಮಂಜೂರಿ (ಸರಕಾರ ಆ ಹೊಲ ಮತ್ತ ಕೊಟ್ಟ) ಆದೇಶ ಕೇಳ್ರಿ. ಸಂಸ್ಥಾನದ ಭಾಗದ ಇನಾಮುಗಳಿಗೆ 1955ರ ಮುಂಬಯಿ ಕಾಯ್ದೆ ಬ್ಯಾರೇನ ಐತಿ, ಹಳ್ಳಿ ವತನಗಳಿಗೆ 1961ರ ಕಾಯ್ದೆ. ಮರುಮಂಜೂರಿ ಯಾರ ಹೆಸರಿಗೆ ಆತು ಅನ್ನೋದ ವಾಟ್ನಿ ದಾವೇದ ಬುಡ.

ಮರಣ ದಾಖಲೆ: ಈಗಿನ ಜನನ-ಮರಣ ನೋಂದಣಿ ಕಾಯ್ದೆ 1969ರದ್ದು, ನಿಮ್ಮದು ಅದಕ್ಕಿಂತ ಹಿಂದಿಂದು. ಊರಿನ ಹಳೇ ಮರಣ ನೋಂದಣಿ ಪುಸ್ತಕ ತಹಶೀಲ್ದಾರ ಕಚೇರಿಯೊಳಗ ಕೇಳ್ರಿ. 1962 ಒಂದ ಹೇಳಬ್ಯಾಡ್ರಿ, 1961ರಿಂದ 1963ರತನಕ ಹುಡುಕಿಸ್ರಿ. ಇಲ್ಲಾ ಅಂದರ ಜನನ-ಮರಣ ನಿಯಮದ ನಮೂನೆ 10, ಅಂದರ ಅಲಭ್ಯ ಪ್ರಮಾಣಪತ್ರ ತಗೊಳ್ರಿ. ವರ್ಷ ಮೀರಿದ ನೋಂದಣಿಗೆ ಬೇಕಾದ ಆದೇಶ ಕೊಡೋ ಅಧಿಕಾರ 2023ರ ತಿದ್ದುಪಡಿ ಆದಮ್ಯಾಲೆ ಜಿಲ್ಲಾ ಅಥವಾ ಉಪವಿಭಾಗೀಯ ದಂಡಾಧಿಕಾರಿಗಳ ಕಡೆ, ಇಲ್ಲಾ ಜಿಲ್ಲಾ ದಂಡಾಧಿಕಾರಿಗಳು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿಗಳ ಕಡೆ ಐತಿ.

ಅದಕ್ಕಿಂತ ಮೊದಲ ಅಜ್ಜನ ವಾರಸಾ ಎಂ.ಇ. ನೋಡ್ರಿ. ಯಾವಾಗ ತೀರಿಕೊಂಡರು ಅಂತ ವರ್ದಿಯೊಳಗ ಬರದಿರತಾರ. ಆದರ ಒಂದು: ಆ ಕಾಲದ ವಾರಸಾದಾಗ ಹೆಣ್ಣುಮಕ್ಕಳ ಹೆಸರು ಬಿಟ್ಟಿರೋದು ಬಹಳ. ಎಂ.ಇ.ಯೊಳಗ ಅತ್ತೆಯಂದಿರ ಹೆಸರಿಲ್ಲ ಅಂತ ವಂಶಾವಳಿಯೊಳಗ ಬಿಡಬ್ಯಾಡ್ರಿ. ಅವರನ್ನ ಪಕ್ಷಗಾರರನ್ನಾಗಿ ಮಾಡದ ವಾಟ್ನಿ ದಾವೆ ಅಲ್ಲೇ ಕುಂಟತದ, ಅವರ ಹಕ್ಕೂ ಮುಳುಗತದ.

---

ಕಪ್ಪತಗುಡ್ಡ:

ಒಂದು ಬಿಟ್ಟಿದ್ದೆ. "ದಾಖಲೆ ಇಲ್ಲ" ಅಂತ ಬಾಯಿಲೆ ಹೇಳಿದರ ಎದ್ದು ಬರಬ್ಯಾಡ್ರಿ. ಅರ್ಜಿ ಮ್ಯಾಲೆ ಸ್ವೀಕೃತಿ ಮುದ್ರೆ ಹಾಕಿಸಿ, ಇಂಥಾ ಊರಿನ ಇಂಥಾ ವರ್ಷದ ಪುಸ್ತಕ ಲಭ್ಯವಿಲ್ಲ ಅಂತ ಹಿಂಬರಹ ಬರಸಿಕೊಳ್ರಿ. ಮೂಲ ಸಿಗಲಿಲ್ಲ ಅಂತ ತೋರಿಸಿ ಬ್ಯಾರೆ ಸಾಕ್ಷಿ ಕೊಡಾಕ ವಕೀಲರಿಗೆ ಆ ಹಿಂಬರಹ ಬೇಕಾಗತದ. ಹಿಂಬರಹನೂ ಕೊಡಲಿಲ್ಲ ಅಂದರ ಮಾಹಿತಿ ಹಕ್ಕಿನೊಳಗ 10 ರೂಪಾಯಿ ಕಟ್ಟಿ ಪುಸ್ತಕಾನ ಪರಿಶೀಲನೆಗೆ ಕೇಳ್ರಿ. ನಮ್ಮ ರಾಜ್ಯದ ನಿಯಮದಾಗ ಒಂದು ಅರ್ಜಿಗೆ ಒಂದ ವಿಷಯ, 150 ಶಬ್ದದ ಒಳಗ. ಉತಾರ, ಎಂ.ಇ., ಮರಣ ದಾಖಲೆ ಮೂರನ್ನೂ ಒಂದರಾಗ ತುರುಕಿದರ ಅದ ಕಾರಣ ಕೊಟ್ಟು ವಾಪಸ್ ಕಳಸತಾರ, ಮೂರು ಬ್ಯಾರೆ ಬ್ಯಾರೆ ಹಾಕ್ರಿ. 30 ದಿನ ಕಳದರೂ ಉತ್ತರ ಬರಲಿಲ್ಲ ಅಂದರ, ಅಲ್ಲಿಂದ 30 ದಿನದೊಳಗ ಮೊದಲನೇ ಮೇಲ್ಮನವಿ.